ಫ್ಲ್ಯಾಶ್ ಹೋಯಿತು, ಅದರ ಕುಕೀಗಳು ಹೋಗಿಲ್ಲ

ಬ್ರೌಸರಿನಲ್ಲಿ ಆಟ, ವಿಡಿಯೊ, ಅನಿಮೇಷನ್ ಓಡಿಸುತ್ತಿದ್ದ ಪ್ಲಗಿನ್ (ಬ್ರೌಸರಿಗೆ ಸೇರಿಸುವ ಪುಟ್ಟ ತಂತ್ರಾಂಶ) ಅಡೋಬಿ ಫ್ಲ್ಯಾಶ್ ಪ್ಲೇಯರ್‌ಗೆ ಬೆಂಬಲ ನಿಂತಿದ್ದು 2020ರ ಡಿಸೆಂಬರ್ 31ಕ್ಕೆ. 2021ರ ಜನವರಿ 12ರಿಂದ ಪ್ಲೇಯರೇ ಫ್ಲ್ಯಾಶ್ ಕಡತಗಳನ್ನು ಓಡಿಸುವುದನ್ನು ನಿಲ್ಲಿಸಿತು. ಆದರೂ ಹಳೇ ಕಂಪ್ಯೂಟರುಗಳಲ್ಲಿ, ಹಳೇ ಯೂಸರ್ ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿಕೊಂಡ ಹೊಸ ಕಂಪ್ಯೂಟರುಗಳಲ್ಲೂ, ಅದು ಬಿಟ್ಟುಹೋದ ಡೇಟಾ ಹಾಗೇ ಕೂತಿರುತ್ತದೆ.

ಒಮ್ಮೆ ಕಣ್ಣಾರೆ ನೋಡಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎರಡು ಪರ್ಸೆಂಟ್ ಚಿಹ್ನೆಗಳ ನಡುವೆ ಆ್ಯಪ್‌ಡೇಟಾ ಎಂದು ಟೈಪ್ ಮಾಡಿ ಎಂಟರ್ ಕೊಡಿ. ಅಲ್ಲಿ ಮ್ಯಾಕ್ರೋಮೀಡಿಯಾ, ಅದರೊಳಗೆ ಫ್ಲ್ಯಾಶ್ ಪ್ಲೇಯರ್, ಅದರೊಳಗೆ ಹ್ಯಾಶ್ ಚಿಹ್ನೆಯಿಂದ ಶುರುವಾಗುವ ಶೇರ್ಡ್‌ಆಬ್ಜೆಕ್ಟ್ಸ್ ಫೋಲ್ಡರ್. ಇನ್ನೂ ಒಳಗೆ ಎಂಟು ಅಕ್ಷರಗಳ ಅರ್ಥವಿಲ್ಲದ ಹೆಸರಿನದೊಂದು ಫೋಲ್ಡರ್. ಅದನ್ನು ತೆರೆದರೆ ನೀವು ಹೋಗಿಬಂದ ಸೈಟುಗಳ ಹೆಸರುಗಳೇ ಸಾಲಾಗಿ ಕಾಣುತ್ತವೆ. ಪ್ರತಿಯೊಂದರಲ್ಲೂ .ಎಸ್‌ಒಎಲ್ ಕಡತಗಳು. ಸೈಟುಗಳು ನಿಮ್ಮನ್ನು ಗುರುತಿಟ್ಟುಕೊಳ್ಳಲು ನಿಮ್ಮ ಕಂಪ್ಯೂಟರಿನಲ್ಲಿ ಇಡುವ ಪುಟ್ಟ ಡೇಟಾಕ್ಕೆ ಕುಕೀ ಎನ್ನುತ್ತಾರೆ; ಫ್ಲ್ಯಾಶ್ ಕುಕೀ ಎನ್ನುವುದು ಇವನ್ನೇ.

ಒಂದು ಸೈಟಿಗೆ ಡೀಫಾಲ್ಟ್ ಮಿತಿ 100 ಕೆಬಿ ಅಷ್ಟೇ. ಆದ್ದರಿಂದ ಇವನ್ನು ಅಳಿಸಿದರೆ ಡಿಸ್ಕ್‌ನಲ್ಲಿ ಹೇಳಿಕೊಳ್ಳುವಂಥ ಜಾಗವೇನೂ ಸಿಗುವುದಿಲ್ಲ. ಚಿಂತೆ ಇರುವುದು ಖಾಸಗಿತನದ್ದು. ಬಹುಕಾಲ ಬ್ರೌಸರಿನಲ್ಲಿ ಕುಕೀ ಅಳಿಸಿದರೂ ಇವು ಅಳಿಯುತ್ತಿರಲಿಲ್ಲ. ಅಳಿಸಿದ ಮಾಮೂಲಿ ಕುಕೀಯನ್ನು ಕೆಲವು ಸೈಟುಗಳು ಇವುಗಳ ನೆರವಿನಿಂದ ಮತ್ತೆ ಹುಟ್ಟಿಸುತ್ತಿವೆ ಎಂದು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲೇ ತೋರಿಸಿದ್ದರು.

ಅಳಿಸುವ ಮುಂಚೆ ಒಂದು ಕೆಲಸ ತಪ್ಪದೆ ಮಾಡಿ. ಫ್ಲ್ಯಾಶ್ ಆಟಗಳ ಸೇವ್ ಇರುವುದೂ ಇದೇ .ಎಸ್‌ಒಎಲ್ ಕಡತಗಳಲ್ಲಿ. ಮಕ್ಕಳು ಆಡಿ ಬಿಟ್ಟ ಆಟ ಯಾವುದಾದರೂ ಬೇಕೆನಿಸಿದರೆ ಆ ಸೈಟಿನ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ. ಹಳೇ ಫ್ಲ್ಯಾಶ್ ಆಟಗಳನ್ನು ಈಗ ಓಡಿಸುವ ರಫಲ್ ಎಂಬ ಎಮ್ಯುಲೇಟರಿನ ಸೇವ್ ಮ್ಯಾನೇಜರ್ ಈ ಕಡತಗಳನ್ನು ತೆಗೆದುಕೊಳ್ಳುತ್ತದೆ.

ಇನ್ನು ಪ್ಲಗಿನ್ ತೆಗೆಯಬೇಕು. ವಿಂಡೋಸ್ ಜೊತೆಗೇ ಬಂದ ಫ್ಲ್ಯಾಶನ್ನು ಕೆಬಿ4577586 ಅಪ್‌ಡೇಟ್ ತೆಗೆಯುತ್ತದೆ. ನೀವೇ ಬೇರೆಯಾಗಿ ಹಾಕಿಕೊಂಡದ್ದನ್ನು ಅದು ಮುಟ್ಟುವುದಿಲ್ಲ. ಅದಕ್ಕೆ ಕಂಟ್ರೋಲ್ ಪ್ಯಾನೆಲ್‌ನಿಂದಲೇ ಅನ್‌ಇನ್‌ಸ್ಟಾಲ್.

ಉಳಿಕೆ ತೊಳೆಯಲು ನಾನು ಹೇಳುವುದು ಬ್ಲೀಚ್‌ಬಿಟ್: ಉಚಿತ, ಮುಕ್ತ ತಂತ್ರಾಂಶ, ವಿಂಡೋಸ್ ಮತ್ತು ಲಿನಕ್ಸ್ ಎರಡಕ್ಕೂ ಇದೆ. ಮೊದಲು ಬ್ರೌಸರುಗಳನ್ನೆಲ್ಲ ಮುಚ್ಚಿ. ಕ್ರೋಮ್ ವಿಂಡೋ ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ಓಡುತ್ತಿರಬಹುದು, ಟಾಸ್ಕ್ ಮ್ಯಾನೇಜರಿನಲ್ಲಿ ನೋಡಿ. ತೆರೆದಿರುವ ಕಡತ ಅಳಿಯದೆ ಎರರ್ ಬರುತ್ತದೆ. ಎಡಗಡೆಯ ಪಟ್ಟಿಯಲ್ಲಿ ಫ್ಲ್ಯಾಶ್ ಕೆಳಗಿನ ಕ್ಯಾಶ್, ಕುಕೀಸ್ ಎರಡಕ್ಕೆ ಮಾತ್ರ ಟಿಕ್ ಹಾಕಿ ಪ್ರಿವ್ಯೂ ಒತ್ತಿ. ಬಲಗಡೆ ಬರುವ ಪಟ್ಟಿಯನ್ನು ಓದದೆ ಮುಂದೆ ಹೋಗಬೇಡಿ, ಯಾಕೆಂದರೆ ಕ್ಲೀನ್ ಒತ್ತಿದ ಮೇಲೆ ಯಾವುದೂ ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ, ನೇರ ಅಳಿಯುತ್ತದೆ. ಜನ ಎಡವುವುದು ಇಲ್ಲೇ: ಇದ್ದಬದ್ದ ಡಬ್ಬಿಗೆಲ್ಲ ಟಿಕ್ ಹಾಕಿ ಬ್ರೌಸರಿನಲ್ಲಿ ಉಳಿಸಿದ್ದ ಪಾಸ್‌ವರ್ಡುಗಳನ್ನೂ ಕಳೆದುಕೊಳ್ಳುತ್ತಾರೆ. ಖಾಲಿ ಜಾಗವನ್ನು ತೊಡೆಯುವ ಆಯ್ಕೆಯೂ ಬೇಡ. ಅದು ಗಂಟೆಗಟ್ಟಲೆ ತಿನ್ನುತ್ತದೆ, ಎಸ್‌ಎಸ್‌ಡಿಯಲ್ಲಂತೂ ಸುಮ್ಮನೆ ಸವೆತ.

ಬೇರೆ ಕ್ಲೀನರುಗಳಲ್ಲಿ ಕಾಣುವ ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಡುವ ಜಾಗ) ಕ್ಲೀನಿಂಗ್ ಕಡೆಗೆ ಹೋಗಲೇಬೇಡಿ. ಅದರಿಂದ ಕಂಪ್ಯೂಟರ್ ವೇಗವಾಗುವುದಿಲ್ಲ. ಕೆಟ್ಟರೆ ವಿಂಡೋಸ್ ಮತ್ತೆ ಹಾಕಬೇಕಾದ ಸ್ಥಿತಿಯೂ ಬಂದೀತು. ಇಂಥ ಟೂಲುಗಳಿಗೆ ಮೈಕ್ರೋಸಾಫ್ಟ್ ಬೆಂಬಲವೂ ಇಲ್ಲ.

ಎಲ್ಲ ಮುಗಿದ ಮೇಲೆ ಶೇರ್ಡ್‌ಆಬ್ಜೆಕ್ಟ್ಸ್ ಫೋಲ್ಡರನ್ನು ಮತ್ತೊಮ್ಮೆ ತೆರೆದು ನೋಡಿ. ಕ್ರೋಮ್ ತನ್ನದೇ ಫ್ಲ್ಯಾಶ್ ಇಟ್ಟುಕೊಂಡಿದ್ದರಿಂದ ಅದರ ಡೇಟಾ ಬೇರೆ ಕಡೆ ಇರುತ್ತಿತ್ತು: ಕ್ರೋಮ್ ಪ್ರೊಫೈಲಿನ ಪೆಪ್ಪರ್ ಡೇಟಾ ಫೋಲ್ಡರಿನಲ್ಲಿ. ಇನ್ನೂ ಇದ್ದರೆ ಕ್ರೋಮ್ ಮುಚ್ಚಿ ಕೈಯಾರೆ ಅಳಿಸಿ. ಫ್ಲ್ಯಾಶ್‌ನಂಥದೇ ಮೈಕ್ರೋಸಾಫ್ಟ್ ಪ್ಲಗಿನ್ ಸಿಲ್ವರ್‌ಲೈಟ್‌ಗೆ ಬೆಂಬಲ ಮುಗಿದದ್ದು 2021ರ ಅಕ್ಟೋಬರ್ 12ಕ್ಕೆ. ಅದರ ಉಳಿಕೆ ಆ್ಯಪ್‌ಡೇಟಾದ ಲೋಕಲ್‌ಲೋ ಒಳಗೆ (ಮೊದಲು ತೆರೆದ ಫೋಲ್ಡರಿನಿಂದ ಒಂದು ಹಂತ ಮೇಲೆ ಹೋದರೆ ಇದು ಕಾಣುತ್ತದೆ), ಮೈಕ್ರೋಸಾಫ್ಟ್ ಫೋಲ್ಡರಿನಲ್ಲಿ ಸಿಗುತ್ತದೆ.