ಕುದುರೆಗೂ ಒಂದು ಮಾತು

“ಕುಣಿಯೋಕೆ ಬರೋರು ಎದ್ದು ನಿಂತ್ಕೊಳ್ಳಿ” ಅಂದರು ಮೇಡಂ.

ನಾಲ್ಕು ಜನ ಎದ್ದರು. ಶಿವಮೊಗ್ಗ ಪೇಟೆಯಲ್ಲೇ ಭರತನಾಟ್ಯ ಕಲಿತಿದ್ದ ಇಬ್ಬರು ಹುಡುಗಿಯರು, ಸಾಗರದ ಕಡೆಯ ಒಬ್ಬ ಡೊಳ್ಳಿನ ಹುಡುಗ, ಚಿಕ್ಕಂದಿನಲ್ಲಿ ಯಕ್ಷಗಾನ ಮೇಳದಲ್ಲಿ ಬಾಲಗೋಪಾಲನ ವೇಷ ಕಟ್ಟಿದ್ದ ಇನ್ನೊಬ್ಬ. ಉಳಿದವರು ನೆಲ ನೋಡುತ್ತಾ ಕೂತಿದ್ದೆವು.

“ಸರಿ, ನೀವು ನಾಲ್ಕು ಜನ ಗೋಡೆ ಪಕ್ಕ ಕೂತು ನೋಡಿ. ಉಳಿದವರೆಲ್ಲ ಮುಂದೆ ಬನ್ನಿ.”

1994ರ ಜುಲೈ. ಹೊರಗೆ ಮಳೆ ಹೊಡೆಯುತ್ತಿತ್ತು. ನಾವು ಪ್ರೈಮರಿ ಮೇಷ್ಟ್ರಾಗೋ ತರಬೇತಿಗೆ, ಅಂದರೆ ಟಿ.ಸಿ.ಎಚ್.ಗೆ, ಸೇರಿ ಮೂರು ವಾರ ಆಗಿತ್ತು ಅಷ್ಟೆ. (ಅದೇ ಮುಂದೆ ಡಿ.ಎಡ್. ಆಯಿತು, ಈಗ ಡಿ.ಎಲ್.ಎಡ್. ಹೆಸರು ಬದಲಾಯಿಸೋದರಲ್ಲಿ ನಮ್ಮ ಇಲಾಖೆಯನ್ನು ಮೀರಿಸುವವರಿಲ್ಲ.) ಪಾಠಯೋಜನೆ ಬರೆಯೋದು, ಚಾರ್ಟ್ ಮಾಡೋದು, ಕಪ್ಪು ಹಲಗೆ ಮೇಲೆ ಗೆರೆ ನೆಟ್ಟಗೆ ಎಳೆಯೋದು, ಇಷ್ಟು ಕಲಿತರೆ ಮೇಷ್ಟ್ರಾಗಬಹುದು ಅಂತ ಹೊಸನಗರದ ಹಳ್ಳಿಯಿಂದ ಬಂದವನು ನಾನು. ಕುಣಿತ, ನಾಟಕ ಎಲ್ಲ ಸ್ಕೂಲ್ ಡೇಗೆ ಅಂದುಕೊಂಡಿದ್ದೆ.

ಮುಂದೆ ಬಂದ ನಮ್ಮನ್ನು ಮೇಡಂ ಕುಣಿಸಲಿಲ್ಲ. “ಸುಮ್ನೆ ನಡೀರಿ” ಅಂದರು. ಮೊದಲು ಗದ್ದೆ ಅಂಚಿನ ಮೇಲೆ ನಡೆದಂಗೆ. ಆಮೇಲೆ ಮೊಣಕಾಲು ಮಟ್ಟ ಕೆಸರಲ್ಲಿ. ಆಮೇಲೆ ತಲೆ ಮೇಲೆ ಸೊಪ್ಪಿನ ಹೊರೆ ಇಟ್ಟುಕೊಂಡು. ಆಮೇಲೆ ಆ ಹೊರೆ ಹೊತ್ತೇ ಇರುವಾಗ ಕಾಲಿಗೆ ಇಂಬಳ (ಜಿಗಣೆ) ಹತ್ತಿದೆ, ಹೊರೆ ಇಳಿಸೋ ಹಂಗಿಲ್ಲ. ಇದೆಲ್ಲ ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಬ್ಬಳು ಒಂದು ಕಾಲಿನಿಂದ ಇನ್ನೊಂದು ಕಾಲಿನ ಇಂಬಳ ಉಜ್ಜುತ್ತಾ ಕುಂಟಿಕೊಂಡು ಹೋಗಿದ್ದು ನೋಡಿ ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮೇಡಂ ಡೆಸ್ಕಿನ ಮೇಲೆ ಬೆರಳಿನಿಂದ ತಾಳ ಹಾಕಿದರು. ಅವಳ ಕುಂಟು ಹೆಜ್ಜೆ ಅದಕ್ಕೆ ಕೂತುಬಿಟ್ಟಿತು. “ಇದೇ ಕಣ್ರೇ ಕುಣಿತ. ನಾಳೆಯಿಂದ ನಾಚ್ಕೊಬೇಡಿ.”

ಗೋಡೆ ಪಕ್ಕ ಕೂತ ನಾಲ್ವರಿಗೆ ಸ್ವಲ್ಪ ಬೇಜಾರಾಗಿತ್ತು. ಅವರನ್ನು ಯಾಕೆ ಕೂರಿಸಿದರು ಅಂತ ಗೊತ್ತಾಗಿದ್ದು ಬೋಧನಾಭ್ಯಾಸ ಶುರುವಾದ ಮೇಲೆ. ಭರತನಾಟ್ಯದ ಗೆಳತಿ ಎರಡನೇ ಕ್ಲಾಸಿಗೆ ನವಿಲಿನ ಪದ್ಯ ತೆಗೆದುಕೊಂಡಳು. ಎಂಥಾ ಚೆನ್ನಾಗಿ ಕುಣಿದಳು ಅಂದರೆ ಪಕ್ಕದ ಕ್ಲಾಸಿನವರೂ ಬಾಗಿಲಿಗೆ ಬಂದು ನಿಂತರು. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಬೆಲ್ ಹೊಡೆಯಿತು. ಒಂದು ಮಗುವೂ ಜಾಗ ಬಿಟ್ಟು ಎದ್ದಿರಲಿಲ್ಲ. ಅವಳು ಅತ್ತಳು ಪಾಪ. ಮುಂದೆ ನಮ್ಮ ಬ್ಯಾಚಿನಲ್ಲಿ ಮಕ್ಕಳನ್ನು ಚೆನ್ನಾಗಿ ಕುಣಿಸಿದವಳು ಅವಳೇ, ಆದರೆ ಅದಕ್ಕೆ ಮೊದಲು ತನ್ನ ಕಾಲು ಕಟ್ಟಿಕೊಳ್ಳೋದು ಕಲಿಯಬೇಕಾಯಿತು.

ನನ್ನ ಕಥೆ ಬೇರೆ. ನನಗೆ ತಾಳ ಜ್ಞಾನ ಸೊನ್ನೆ. ಮೇಡಂ ಲೆಕ್ಕದ ದಾರಿಯಲ್ಲಿ ಕರೆದುಕೊಂಡು ಹೋದರು. ತಕಿಟ ಅಂದರೆ ಮೂರು, ತಕಧಿಮಿ ಅಂದರೆ ನಾಲ್ಕು. ಎರಡೂ ಸೇರಿದರೆ ಏಳು. ಮಕ್ಕಳನ್ನು ಗುಂಡಗೆ ನಿಲ್ಲಿಸಿ, “ತಕಿಟ ತಕಧಿಮಿ” ಅಂತ ಏಳು ಹೆಜ್ಜೆ ಹಾಕಿಸಿ, ಏಳನೇ ಹೆಜ್ಜೆಗೆ ಒಬ್ಬ ಕೂಗಬೇಕು, ಏಳೊಂದ್ಲ ಏಳು. ಮತ್ತೊಂದು ಸುತ್ತು, ಏಳೆರಡ್ಲ ಹದಿನಾಲ್ಕು. ಏಳರ ಮಗ್ಗಿ ಅಂದರೆ ಎಲ್ಲ ಮಕ್ಕಳಿಗೂ ಭಯ, ಅಲ್ವಾ? ಈ ಕುಣಿತದಲ್ಲಿ ತಪ್ಪಿದವನಿಗೆ ಹೊಡೆತ ಇಲ್ಲ. ಕಾಲು ತಪ್ಪಿದ್ದು ಅವನಿಗೇ ಗೊತ್ತಾಗುತ್ತದೆ, ಮುಂದಿನ ಸುತ್ತಿಗೆ ಸರಿ ಮಾಡಿಕೊಳ್ಳುತ್ತಾನೆ. ಅವರ ಜೊತೆ ಹೆಜ್ಜೆ ಹಾಕಿ ಹಾಕಿ ನನಗೂ ತಾಳ ಬಂತು.

ಇನ್ನೊಂದು ಪಾಠ ದೀಪದ್ದು. ದೀಪಾವಳಿಗೆ ನಮ್ಮ ಕಡೆ ಅಂಟಿಗೆ ಪಂಟಿಗೆಯವರು ರಾತ್ರಿಯಿಡೀ ದೀಪ ಹಿಡಿದು ಹಾಡುತ್ತಾ ಮನೆಯಿಂದ ಮನೆಗೆ ಬರುತ್ತಾರೆ. ಗಾಳಿಗೆ ದೀಪ ಆರಬಾರದು. ಮೇಡಂ ಒಂದು ಹಣತೆ ಹಚ್ಚಿ ಒಬ್ಬನ ಕೈಗೆ ಕೊಟ್ಟು, ನಾವೆಲ್ಲ ಅವನ ಹಿಂದೆ ಸಾಲಾಗಿ ಕೋಣೆಯ ಆ ತುದಿಗೆ ಹೋಗಬೇಕು ಅಂದರು. ಯಾರೂ ತಳ್ಳುವ ಹಾಗಿಲ್ಲ, ಓಡುವ ಹಾಗಿಲ್ಲ. ಮೊದಲ ಸಲ ಆರಿತು. ಎರಡನೇ ಸಲವೂ ಆರಿತು. ಮೂರನೇ ಸಲ ಪಾದದ ಸದ್ದು ಬಿಟ್ಟರೆ ಕೋಣೆಯಲ್ಲಿ ಏನೂ ಕೇಳುತ್ತಿರಲಿಲ್ಲ. ಮಕ್ಕಳಿಗೆ “ಸೈಲೆನ್ಸ್” ಅಂತ ಕೂಗುವ ಬದಲು ಕೈಗೆ ದೀಪ ಕೊಡಿ ಅಂದರು. ಈ ಉಪಾಯ ನನ್ನನ್ನು ಎಷ್ಟು ಸಲ ಕಾಪಾಡಿದೆಯೋ ಲೆಕ್ಕ ಇಟ್ಟಿಲ್ಲ. ಮಳೆಗಾಲದಲ್ಲಿ ಐದು ಕ್ಲಾಸಿನ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡವರಿಗೆ ಅದರ ಬೆಲೆ ಗೊತ್ತು.

ಈಗ ನಾನು ತಪ್ಪು ಮಾಡಿದ ದಿನದ ವಿಷಯ.

ನಾಲ್ಕನೇ ಕ್ಲಾಸಿಗೆ ಕೆಳದಿ ಚೆನ್ನಮ್ಮನ ಕಥೆಯನ್ನು ನಾಟಕ ಮಾಡಿಸಬೇಕಿತ್ತು. ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು, ಅಂದರೆ ಈಗಿನ ನಗರ ಅನ್ನೋ ಊರಿನ ಕೋಟೆ ನಮ್ಮೂರಿಗೆ ಹತ್ತಿರ, ಹಂಗಾಗಿ ಆ ಕಥೆ ನನ್ನದೇ ಅನ್ನುವ ಜಂಬ. 1689ರಲ್ಲಿ ಶಿವಾಜಿಯ ಮಗ ಸಂಭಾಜಿಯನ್ನು ಮೊಗಲರು ಕೊಂದರು. ಅವನ ತಮ್ಮ ರಾಜಾರಾಮ ಜಿಂಜಿ ಕೋಟೆಗೆ ತಪ್ಪಿಸಿಕೊಂಡು ಹೋಗುವಾಗ ಚೆನ್ನಮ್ಮ ಅವನಿಗೆ ಆಸರೆ ಕೊಟ್ಟಳು. ಔರಂಗಜೇಬನಿಗೂ ಹೆದರಲಿಲ್ಲ. ಎಂಥಾ ನಾಟಕ!

ಹಿಂದಿನ ರಾತ್ರಿ ಅಡಿಕೆ ಹಾಳೆ ನೀರಲ್ಲಿ ನೆನೆಹಾಕಿದ್ದೆ. ಒಣ ಹಾಳೆಗೆ ಕತ್ತರಿ ಹಾಕಿದರೆ ಉದ್ದಕ್ಕೆ ಸೀಳಿ ಹೋಗುತ್ತದೆ, ನೆನೆದದ್ದಾದರೆ ಚರ್ಮದ ಹಾಗೆ ಬಾಗುತ್ತದೆ. ಕಿರೀಟ ಒಂದು, ಕುದುರೆ ಮುಖ ಎರಡು. ದಬ್ಬಣದಿಂದ ತೂತು ಮಾಡಿ ಬಾಳೆನಾರಿನಲ್ಲಿ ಹೊಲಿದೆ. ಕೆಮ್ಮಣ್ಣು, ಇದ್ದಿಲು, ಸುಣ್ಣದಲ್ಲಿ ಬಣ್ಣ. ಒಂದು ಪೈಸೆ ಖರ್ಚಿಲ್ಲ. ಬೋಧನೋಪಕರಣಕ್ಕೆ ಪೂರ್ತಿ ಮಾರ್ಕ್ಸು ಗ್ಯಾರಂಟಿ ಅಂದುಕೊಂಡೆ.

ಪಾಠ ಜೋರಾಗಿ ಆಯಿತು. ಚೆನ್ನಮ್ಮ ಆಗಿದ್ದ ಹುಡುಗಿ ಮುಂದಿನ ಬೆಂಚಿನವಳು. ಇಸ್ತ್ರಿ ಮಾಡಿದ ಲಂಗ, ಎರಡು ಜಡೆ, ಬೆಳ್ಳಗಿದ್ದಳು, ಗಟ್ಟಿ ದನಿ. ಮಕ್ಕಳು ಚಪ್ಪಾಳೆ ಹೊಡೆದರು. ಹಿಂದಿನ ಬೆಂಚಿನಲ್ಲಿ ಕೂತು ಮೇಡಂ ಬರೆದುಕೊಳ್ಳುತ್ತಿದ್ದರು. ಬೆಲ್ ಆದ ಮೇಲೆ ಕರೆದರು.

“ಚೆನ್ನಮ್ಮನ ಪಾರ್ಟು ಆ ಹುಡುಗಿಗೇ ಯಾಕೆ ಕೊಟ್ಟೆ?”

“ಚೆನ್ನಾಗಿ ಮಾತಾಡ್ತಾಳೆ ಮೇಡಂ.”

“ಉಳಿದವರನ್ನ ಮಾತಾಡಿಸಿ ನೋಡಿದ್ಯಾ?”

ನಾನು ಸುಮ್ಮನಿದ್ದೆ.

“ಕುದುರೆ ಆದ್ರಲ್ಲ ಇಬ್ಬರು, ಅವರು ಎಲ್ಲಿಂದ ಬರ್ತಾರೆ?”

ಗೊತ್ತಿತ್ತು. ಹಳ್ಳದಾಚೆಯ ಕೇರಿಯಿಂದ. ಮುಖದ ಮೇಲೆ ಹಾಳೆ ಕಟ್ಟಿದ್ದೆ, ನಾಟಕದುದ್ದಕ್ಕೂ ಅವರ ಮುಖ ಯಾರಿಗೂ ಕಂಡಿರಲಿಲ್ಲ. ಬೇಕು ಅಂತ ಮಾಡಿದ್ದಲ್ಲ. ಕೈ ತಾನಾಗಿ ಆ ಕಡೆ ಹೋಗಿತ್ತು. ಬೇಕು ಅಂತ ಮಾಡಿದ್ದರೆ ಕ್ಷಮೆ ಕೇಳಬಹುದಿತ್ತು, ಇದಕ್ಕೆ ಏನು ಹೇಳಲಿ? ಮೇಡಂ ಬೈಯಲಿಲ್ಲ. ಪಾಠಯೋಜನೆಯ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಸಾಲು ಬರೆದು ಕೊಟ್ಟರು: ಕುದುರೆಗೂ ಒಂದು ಮಾತು ಕೊಡು.

ಮಾರನೇ ದಿನ ಹೆಡ್ ಮೇಷ್ಟ್ರ ಹತ್ತಿರ ಇನ್ನೊಂದು ಪೀರಿಯಡ್ ಕೇಳಿ ಇಸಕೊಂಡೆ. ಹಾಳೆ ಮುಖ ತೆಗೆಸಿದೆ. ರಾಜಾರಾಮ ಬಂದು ರಾಣಿಯ ಮುಂದೆ ನಿಂತಾಗ ನಾಟಕ ನಿಲ್ಲಿಸಿ, “ಇವರನ್ನ ಅಷ್ಟು ದೂರದಿಂದ ಹೊತ್ಕೊಂಡು ಬಂದಿದ್ದು ನೀನು. ರಾಣಿಗೆ ಏನಾದ್ರೂ ಹೇಳೋದಿದೆಯಾ?” ಅಂತ ಕುದುರೆಯನ್ನು ಕೇಳಿದೆ. ಆ ಹುಡುಗ ಚಡ್ಡಿಯ ಅಂಚು ಎಳೆಯುತ್ತಾ ನಿಂತ. ತುಂಬಾ ಹೊತ್ತು. ಬಿಟ್ಟುಬಿಡೋಣ ಅಂತ ಬಾಯಿ ತೆರೆಯುವಷ್ಟರಲ್ಲಿ ಅವನೇ ಹೇಳಿದ.

“ಅಮಾ, ಇವ್ರು ನಾಕು ದಿನದಿಂದ ಉಂಡಿಲ್ಲ. ಮೊದ್ಲು ಅನ್ನ ಹಾಕ್ಸಿ. ಆಮೇಲೆ ಯಾರು ಏನು ಅಂತ ಕೇಳಿ.”

ನಾನು ಬರೆದಿದ್ದ ಉದ್ದುದ್ದ ಡೈಲಾಗು ಆ ಮಾತಿನ ಮುಂದೆ ಎಲ್ಲಿ ನಿಲ್ಲಬೇಕು. ಚೆನ್ನಮ್ಮನಿಗೆ ಏನು ಹೇಳಬೇಕೋ ತೋಚದೆ ನನ್ನ ಮುಖ ನೋಡಿದಳು. ಆಮೇಲೆ ಸೇವಕನನ್ನು ಕರೆದು, “ಎಲೆ ಹಾಕು” ಅಂದಳು. ಮಾರ್ಕ್ಸು ಮಾತ್ರ ಹಿಂದಿನ ದಿನದ್ದೇ ಉಳಿಯಿತು, ಜಾಸ್ತಿಯೇನೂ ಆಗಲಿಲ್ಲ.

ಅದೇ ವರ್ಷ ಮೇಡಂ ನಮ್ಮನ್ನು ಹೆಗ್ಗೋಡಿಗೆ ಕರೆದುಕೊಂಡು ಹೋದರು. ಸಾಗರಕ್ಕೆ 70 ಕಿಲೋಮೀಟರ್ ಚಿಲ್ಲರೆ, ಅಲ್ಲಿಂದ ಇನ್ನೊಂದು ಬಸ್ಸು. ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದು ಅಲ್ಲಿ ಅವರು ಬೆಳೆಸಿದ ನಾಟಕ ಸಂಸ್ಥೆ ನೀನಾಸಂ ಹೆಸರು ದೇಶದಾಚೆಗೂ ಹೋಗಿತ್ತು. ಹೋಗಿ ನೋಡಿದರೆ ಅಡಿಕೆ ತೋಟದ ನಡುವೆ ಒಂದು ಹಳ್ಳಿ, ಹಳ್ಳಿಯಲ್ಲಿ ಶಿವರಾಮ ಕಾರಂತ ರಂಗಮಂದಿರ. ರಾತ್ರಿ ನೋಡಿದ ನಾಟಕ ಯಾವುದು ಅಂತ ಮರೆತಿದ್ದೇನೆ. ಮರೆಯದೆ ಉಳಿದದ್ದು ನಾಟಕ ಮುಗಿದ ಮೇಲಿನದು. ದೊರೆಯ ಪಾತ್ರ ಮಾಡಿದವನು ಮುಖದ ಬಣ್ಣ ಪೂರ್ತಿ ಒರೆಸಿಕೊಳ್ಳದೆ ಹಲಗೆ ಹೊರುತ್ತಿದ್ದ. ಮೇಡಂ ನನ್ನ ಕಡೆ ನೋಡಿದರು. ಏನೂ ಹೇಳಲಿಲ್ಲ.

ಕೆಲಸಕ್ಕೆ ಸೇರಿದ ಮೇಲೆ ಎಲ್ಲ ಹೀಗೇ ನಡೆಯಿತು ಅಂದರೆ ಸುಳ್ಳಾಗುತ್ತದೆ. ಸ್ಕೂಲ್ ಡೇ ಬಂದರೆ ಸಿನಿಮಾ ಹಾಡು ಬೇಕು ಅಂತ ಊರವರ ಒತ್ತಾಯ. ಕ್ಯಾಸೆಟ್ ಹಾಕಿ, ಬಾಡಿಗೆ ಡ್ರೆಸ್ ತಂದು, ಚೆನ್ನಾಗಿ ಕುಣಿಯುವ ಆರು ಮಕ್ಕಳನ್ನು ಮಾತ್ರ ಕುಣಿಸಿದ ವರ್ಷಗಳೂ ಇವೆ. ಪ್ರತಿಭಾ ಕಾರಂಜಿಯಲ್ಲಿ ಬಹುಮಾನ ಬಂದರೆ ಖುಷಿ ಆಗದೆ ಇರುತ್ತಾ? ಆಗ್ತಿತ್ತು. ಆದರೆ ಬಹುಮಾನಕ್ಕೆ ಹೊರಟಾಗೆಲ್ಲ ಕುದುರೆ ಮತ್ತೆ ಮೂಕ ಆಗುತ್ತಿತ್ತು. 2009-10ರಲ್ಲಿ ಚಿಕ್ಕ ಕ್ಲಾಸಿನ ಮಕ್ಕಳು ಆಡ್ತಾ ಕಲಿಯುವ ಸರ್ಕಾರಿ ಪದ್ಧತಿ ನಲಿಕಲಿ ನಮ್ಮ ಶಾಲೆಗೂ ಬಂತು. ತರಬೇತಿಯಲ್ಲಿ ಹಾಡು, ಕುಣಿತ, ಅಭಿನಯ ಅಂತ ಹೇಳಿಕೊಡುವಾಗ ನಮ್ಮ ಬ್ಯಾಚಿನ ಮೂರ್ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು.

ಕೆಲವು ವರ್ಷದ ಹಿಂದೆ ಶಿವಮೊಗ್ಗ ಬಸ್‌ಸ್ಟ್ಯಾಂಡಿನಲ್ಲಿ ಮೇಡಂ ಸಿಕ್ಕಿದ್ದರು. ಕೂದಲು ಪೂರ್ತಿ ಬೆಳ್ಳಗೆ. ಕಾಲಿಗೆ ಬಿದ್ದೆ. ಕುದುರೆಯ ಮಾತು ನೆನಪಿಸಿದೆ. “ಹೌದಪ್ಪಾ, ಅನ್ನ ಹಾಕ್ಸಿ ಅಂದಿದ್ದ” ಅಂತ ನಕ್ಕರು. ಆಮೇಲೆ, “ಆ ಹುಡುಗ ಈಗ ಎಲ್ಲಿದಾನೆ?” ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಬಸ್ಸು ಬಂತು, ಅವರು ಹತ್ತಿದರು.

ಹೋದ ಮಳೆಗಾಲ ನನ್ನ ಶಾಲೆಗೆ ಇಂಟರ್ನ್‌ಶಿಪ್‌ಗೆ ಇಬ್ಬರು ವಿದ್ಯಾರ್ಥಿನಿಯರು ಬಂದಿದ್ದರು. ಒಬ್ಬಳು ಮೊಬೈಲಿನಲ್ಲಿ ಸ್ಟೆಪ್ಸ್ ಹುಡುಕುತ್ತಾ, “ಸರ್, ಇಲ್ಲಿ ನೆಟ್‌ವರ್ಕ್ ಎಲ್ಲಿ ಸಿಗುತ್ತೆ?” ಅಂದಳು. ಗುಡ್ಡದ ಮೇಲೆ ಅಂದೆ. ಮಳೆಯಲ್ಲಿ ಯಾರು ಹತ್ತುತ್ತಾರೆ. ಕೈಗೆ ಹಣತೆ ಕೊಟ್ಟೆ. ವಾರ ಕಳೆಯುವಷ್ಟರಲ್ಲಿ ಅವಳೇ ಚೆನ್ನಮ್ಮನ ನಾಟಕ ಮಾಡಿಸಲು ಹೊರಟಳು. ಪಾತ್ರ ಹಂಚೋಕೆ ಚೀಟಿ ಬರೆದು ಡಬ್ಬಿಗೆ ಹಾಕಿದ್ದಳು. ನಾನು ಎಚ್ಚರಿಸಿದೆ, ನಮ್ಮ ಶಾಲೆಯಲ್ಲಿ ಅದು ನಡೆಯಲ್ಲಮ್ಮ ಅಂತ. ಅವಳು ನಂಬಲಿಲ್ಲ.

ಚೀಟಿ ಎತ್ತಿದ್ದೇ ತಡ, ಜಗಳ. ಚೆನ್ನಮ್ಮನ ಚೀಟಿ ಬಂದ ಹುಡುಗಿ ಅದನ್ನು ಮಡಚಿ ಮತ್ತೆ ಡಬ್ಬಿಗೆ ತುರುಕಿದಳು. “ಟೀಚರ್, ನನಗೆ ಬ್ಯಾಡ. ನಾನು ಕುದುರೆ” ಅಂದಳು. ಹಿಂದಿನಿಂದ ಇನ್ನೂ ಹನ್ನೊಂದು ಕೈ ಮೇಲೆದ್ದಿದ್ದವು.