ಹನ್ನೊಂದು ಸೈಕಲ್ ರಿಪೇರಿ ವಿಡಿಯೊ, ನಾಲ್ಕು ತಿಂಗಳ ಕೆಲಸ: ಹುಡುಕಿದವರಿಗೆ ಸಿಗಬೇಕು

ವಾರ 1

ನನ್ನ ಚಾನೆಲ್‌ನಲ್ಲಿ ಹನ್ನೊಂದು ವಿಡಿಯೊ ಇವೆ. ಎಲ್ಲವೂ ಸೈಕಲ್ ರಿಪೇರಿಯವು. ಪಂಚರ್ ಹಾಕುವುದು, ಬ್ರೇಕ್ ಬಿಗಿ ಮಾಡುವುದು, ಪೆಡಲ್ ಬದಲಾಯಿಸುವುದು, ಗೇರ್ ಸರಿಮಾಡುವುದು ಹೀಗೆ. ಬಿಡುವಿದ್ದಾಗ ಒಬ್ಬನೇ ಕೂತು ಮಾಡಿದ್ದು. ನೋಡಿದವರು ಚೆನ್ನಾಗಿದೆ ಅನ್ನುತ್ತಾರೆ. ಆದರೆ ನೋಡಿದವರಲ್ಲಿ ಮುಕ್ಕಾಲು ಪಾಲು ನಾನೇ ಲಿಂಕ್ ಕಳಿಸಿದವರು.

ಇವತ್ತು ಯೂಟ್ಯೂಬ್ ಸ್ಟುಡಿಯೊದಲ್ಲಿ (ಚಾನೆಲ್ ಇರುವವರು ತಮ್ಮ ವಿಡಿಯೊ ಮತ್ತು ಲೆಕ್ಕ ನೋಡಿಕೊಳ್ಳುವ ಜಾಗ) ನೋಡುಗರು ಎಲ್ಲಿಂದ ಬರುತ್ತಾರೆ ಅನ್ನುವ ಭಾಗ ತೆರೆದೆ. 100 ವೀಕ್ಷಣೆಗಳಲ್ಲಿ 6 ಮಾತ್ರ ಸರ್ಚ್‌ನಿಂದ ಬಂದಿವೆ. ರಿಪೇರಿ ವಿಡಿಯೊಗೆ ಇದು ತುಂಬಾ ಕಡಿಮೆ. ಹರಟೆ, ಹಾಸ್ಯ ಆದರೆ ಸುಮ್ನೆ ಕೂತಾಗ ಕಣ್ಣಿಗೆ ಬಿದ್ದದ್ದನ್ನು ಜನ ನೋಡುತ್ತಾರೆ. ರಿಪೇರಿ ವಿಡಿಯೊ ಹಾಗಲ್ಲ. ಸೈಕಲ್ ಕೆಟ್ಟಿರುತ್ತದೆ, ಕೈಗೆ ಗ್ರೀಸ್ ಹತ್ತಿರುತ್ತದೆ, ಮೊಬೈಲ್ ತೆಗೆದು ನಾಲ್ಕು ಪದ ಟೈಪ್ ಮಾಡುತ್ತಾರೆ. ಆ ನಾಲ್ಕು ಪದಕ್ಕೆ ನನ್ನ ವಿಡಿಯೊ ಸಿಗಬೇಕು. ಈ ಕೆಲಸದ ಗುರಿ ಅಷ್ಟೇ.

ಒಂದು ನಿಯಮ ಹಾಕಿಕೊಂಡೆ. ಒಂದು ವಿಡಿಯೊದಲ್ಲಿ ಒಂದು ಸಲಕ್ಕೆ ಒಂದೇ ಬದಲಾವಣೆ. ಏನು ಬದಲಿಸಿದೆ, ಯಾವತ್ತು ಬದಲಿಸಿದೆ ಅಂತ ನೋಟ್‌ಬುಕ್‌ನಲ್ಲಿ ಬರೆಯಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದೇ ಇಲ್ಲ, ಅಲ್ವಾ?

ವಾರ 2

ಶೀರ್ಷಿಕೆಗಳಿಂದ ಶುರು ಮಾಡಿದೆ. ಹನ್ನೊಂದನ್ನೂ ಒಂದು ಹಾಳೆಯಲ್ಲಿ ಸಾಲಾಗಿ ಬರೆದೆ. ಬರೆದ ಮೇಲೆ ತೊಂದರೆ ಎದ್ದು ಕಂಡಿತು. ಎಲ್ಲವೂ ರಿಪೇರಿ ಗೊತ್ತಿರುವವನ ಮಾತು. 'ಹಿಂದಿನ ಡಿರೇಲರ್ ಇಂಡೆಕ್ಸಿಂಗ್' ಅಂತ ಒಂದು ವಿಡಿಯೊ ಇದೆ. ಡಿರೇಲರ್ ಅಂದರೆ ಚೈನನ್ನು ಒಂದು ಗೇರ್‌ನಿಂದ ಇನ್ನೊಂದಕ್ಕೆ ಸರಿಸುವ ಭಾಗ. ಆ ಹೆಸರು ಗೊತ್ತಿದ್ದವನಿಗೆ ಅದನ್ನು ಸರಿಮಾಡುವುದೂ ಹೆಚ್ಚುಕಡಿಮೆ ಗೊತ್ತಿರುತ್ತದೆ. ಗೊತ್ತಿಲ್ಲದವನು 'ಗೇರ್ ತಾನಾಗಿಯೇ ಬದಲಾಗುತ್ತೆ' ಅಂತ ಹುಡುಕುತ್ತಾನೆ. ಅವನ ಹತ್ತಿರ ಇರುವುದು ತೊಂದರೆ ಮಾತ್ರ. ಬಿಡಿಭಾಗದ ಹೆಸರು ಅವನ ಹತ್ತಿರ ಇಲ್ಲ.

ಇದು ನಿಜವೇ ಅಂತ ನೋಡಲು ಮೂರು ಕಡೆ ಹುಡುಕಿದೆ. ಮೊದಲನೆಯದು ಸರ್ಚ್ ಪೆಟ್ಟಿಗೆ. ಅರ್ಧ ಪದ ಟೈಪ್ ಮಾಡಿ ನಿಲ್ಲಿಸಿದರೆ ಕೆಳಗೆ ಸಲಹೆಗಳು ಬರುತ್ತವೆ. ಬೇರೆಯವರು ಏನು ಹುಡುಕುತ್ತಿದ್ದಾರೆ ಅನ್ನುವುದಕ್ಕೆ ಅದೇ ಸುಳಿವು. ಎರಡನೆಯದು ಗೂಗಲ್ ಟ್ರೆಂಡ್ಸ್, ಯಾವ ಪದವನ್ನು ಜನ ಎಷ್ಟು ಹುಡುಕುತ್ತಾರೆ ಅಂತ ತೋರಿಸುವ ಪುಟ. ಅದರಲ್ಲಿ ಸಾಮಾನ್ಯ ಹುಡುಕಾಟದ ಬದಲು ಯೂಟ್ಯೂಬ್ ಹುಡುಕಾಟ ಅಂತ ಆರಿಸಿಕೊಳ್ಳಬಹುದು. ಮೂರನೆಯದು, ನನಗೆ ತುಂಬಾ ಉಪಯೋಗಕ್ಕೆ ಬಂದದ್ದು, ನನ್ನದೇ ಸ್ಟುಡಿಯೊ. ಸರ್ಚ್‌ನಿಂದ ಬಂದ ಆ ಕೆಲವೇ ಜನ ಯಾವ ಪದ ಟೈಪ್ ಮಾಡಿ ಬಂದರು ಅನ್ನುವ ಪಟ್ಟಿ ಅಲ್ಲಿದೆ.

ಆ ಪಟ್ಟಿಯಲ್ಲಿ ಒಂದು ಸಾಲು ಇತ್ತು: 'ಎಡ ಪೆಡಲ್ ಬಿಚ್ಚೋಕೆ ಬರ್ತಿಲ್ಲ'. ನನ್ನ ವಿಡಿಯೊ ಹೆಸರು 'ಪೆಡಲ್ ಬದಲಾವಣೆ, ಪೂರ್ಣ ವಿಧಾನ'. ಎಡ ಪೆಡಲ್‌ಗೆ ಉಲ್ಟಾ ಥ್ರೆಡ್, ಅಂದರೆ ಉಲ್ಟಾ ತಿರುಪು ಇರುತ್ತದೆ. ಎಲ್ಲ ಬೋಲ್ಟ್‌ಗಳ ಹಾಗೆ ತಿರುಗಿಸಿದರೆ ಅದು ಇನ್ನೂ ಬಿಗಿಯಾಗುತ್ತದೆ. ಹೊಸಬರೆಲ್ಲ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಆ ವಿಷಯ ನನ್ನ ವಿಡಿಯೊದಲ್ಲಿ ಇದೆ. ಆದರೆ ಹೆಸರಿನಲ್ಲಿ ಇಲ್ಲ, ವಿವರಣೆಯಲ್ಲೂ ಇಲ್ಲ. ಹೊಸ ಹೆಸರು: 'ಎಡ ಪೆಡಲ್ ಬಿಚ್ಚಲು ಬರುತ್ತಿಲ್ಲವೇ? ಈ ಕಡೆ ತಿರುಗಿಸಿ'.

ಶೀರ್ಷಿಕೆಗೆ 100 ಅಕ್ಷರದವರೆಗೆ ಜಾಗ ಇದೆ. ಆದರೆ ಮೊಬೈಲ್‌ನಲ್ಲಿ ಉದ್ದದ ಹೆಸರು ಮಧ್ಯದಲ್ಲೇ ಕತ್ತರಿಸಿಹೋಗುತ್ತದೆ. ಅದಕ್ಕೆ ತೊಂದರೆಯ ಹೆಸರು ಮೊದಲು, ಉಳಿದದ್ದೆಲ್ಲ ಆಮೇಲೆ. ಭಾಗ 3, ಭಾಗ 4 ಅನ್ನುವುದನ್ನೆಲ್ಲ ಹೆಸರಿನ ಶುರುವಿನಿಂದ ತೆಗೆದುಹಾಕಿದೆ.

ವಾರ 3

ವಿವರಣೆ ಮತ್ತು ಟ್ಯಾಗ್ (ವಿಡಿಯೊ ಜೊತೆ ಸೇರಿಸುವ ಹುಡುಕುಪದಗಳು).

ವಿವರಣೆಗೆ 5000 ಅಕ್ಷರ ಬರೆಯಬಹುದು. ನಾನು ಬರೆದಿದ್ದದ್ದು ಒಂದೇ ಸಾಲು, 'ನೋಡಿ, ಹಂಚಿಕೊಳ್ಳಿ'. ಈಗ ಪ್ರತಿ ವಿಡಿಯೊಗೂ ಮೊದಲ ಎರಡು ಸಾಲಿನಲ್ಲಿ ತೊಂದರೆ ಏನು, ಪರಿಹಾರ ಏನು ಅಂತ ಬರೆದೆ. ಪೂರ್ತಿ ವಿವರಣೆ ತೆರೆಯದೆ ಕಾಣುವುದು ಆ ಸಾಲುಗಳೇ. ಕೆಳಗೆ ಬೇಕಾಗುವ ಸ್ಪ್ಯಾನರ್‌ಗಳ ಅಳತೆ, ಆಮೇಲೆ ಹಂತಗಳು.

ಟ್ಯಾಗ್ ಬಗ್ಗೆ ಜನ ಬಹಳ ತಲೆಕೆಡಿಸಿಕೊಳ್ಳುತ್ತಾರೆ. ವಿಡಿಯೊ ಸಿಗುವುದರಲ್ಲಿ ಟ್ಯಾಗ್‌ನ ಪಾತ್ರ ತೀರಾ ಚಿಕ್ಕದು ಅಂತ ಯೂಟ್ಯೂಬೇ ಹೇಳುತ್ತದೆ. ಜನ ತಪ್ಪಾಗಿ ಬರೆಯುವ ಪದಗಳಿದ್ದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಕನ್ನಡದಲ್ಲಿ ಇದು ನಮಗೆ ಬೇಕಾದ್ದೇ. ಪಂಚರ್, ಪಂಚರು, ಪಂಕ್ಚರ್, ಪಂಚೆರ್ ಹೀಗೆ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಕನ್ನಡ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವವರೂ ಇದ್ದಾರೆ. ಇವನ್ನೆಲ್ಲ ಟ್ಯಾಗ್‌ನಲ್ಲಿ ಹಾಕಿದೆ. ಹದಿನೈದು ನಿಮಿಷದ ಕೆಲಸ. ಅದಕ್ಕಿಂತ ಜಾಸ್ತಿ ಹೊತ್ತು ಇದಕ್ಕೆ ಕೊಡಬೇಕಾಗಿಲ್ಲ.

ವಾರ 4

ಅಧ್ಯಾಯಗಳನ್ನು ಹಾಕಿದೆ. ವಿವರಣೆಯಲ್ಲಿ ಸಮಯ ಮತ್ತು ಹೆಸರು ಬರೆದರೆ ಸಾಕು, ಯೂಟ್ಯೂಬ್ ತಾನೇ ವಿಡಿಯೊವನ್ನು ಭಾಗ ಮಾಡಿ ತೋರಿಸುತ್ತದೆ. ಷರತ್ತು ಮೂರು. ಮೊದಲನೆಯದು 0:00 ಇಂದ ಶುರುವಾಗಬೇಕು. ಕಡಿಮೆ ಅಂದರೆ ಮೂರು ಭಾಗ ಇರಬೇಕು, ಅವು ಸಮಯದ ಕ್ರಮದಲ್ಲೇ ಇರಬೇಕು. ಪ್ರತಿ ಭಾಗವೂ 10 ಸೆಕೆಂಡ್ ಆದರೂ ಇರಬೇಕು. ಎರಡು ವಿಡಿಯೊಗಳಲ್ಲಿ ನಾನು 0:05 ಇಂದ ಶುರು ಮಾಡಿದ್ದೆ. ಅಧ್ಯಾಯ ಯಾಕೆ ಕಾಣುತ್ತಿಲ್ಲ ಅಂತ ಅರ್ಧ ದಿನ ಹುಡುಕಿದೆ.

ಗೂಗಲ್ ಕೂಡ ಈ ಸಮಯದ ಪಟ್ಟಿಯನ್ನು ಓದುತ್ತದೆ. ಹುಡುಕಾಟದ ಫಲಿತಾಂಶದಲ್ಲೇ ವಿಡಿಯೊದ ಮುಖ್ಯ ಭಾಗಗಳನ್ನು ತೋರಿಸಬಲ್ಲದು. ಹಾಗಾಗಿ ಅಧ್ಯಾಯದ ಹೆಸರನ್ನೂ ಹುಡುಕುವವರ ಮಾತಿನಲ್ಲೇ ಬರೆದೆ. 'ಹಂತ 2' ಇದ್ದದ್ದು 'ಚೈನ್ ಸ್ಪೋಕ್ ಕಡೆ ಬಿದ್ದರೆ' ಆಯಿತು.

ವಾರ 5 ಮತ್ತು 6

ಈ ಎರಡು ವಾರ ನನಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿದವು.

ಹೆಸರು ಬದಲಿಸಿದ ಮೇಲೆ ಪೆಡಲ್ ವಿಡಿಯೊಗೆ ಸರ್ಚ್‌ನಿಂದ ಜನ ಬರತೊಡಗಿದರು. ಬಂದವರು ನಿಲ್ಲಲಿಲ್ಲ. ಜನ ಎಷ್ಟು ಹೊತ್ತು ನೋಡಿದರು ಅನ್ನುವ ಗೆರೆ ನೋಡಿದರೆ, 30ನೇ ಸೆಕೆಂಡಿಗೆ ಅರ್ಧಕ್ಕಿಂತ ಜಾಸ್ತಿ ಜನ ಹೋಗಿಬಿಟ್ಟಿದ್ದಾರೆ. ಕಾರಣ ತಿಳಿಯಲು ನಾನೇ ಕೂತು ವಿಡಿಯೊ ನೋಡಿದೆ. ಮೊದಲ 55 ಸೆಕೆಂಡ್ ನನ್ನ ಪರಿಚಯ, ಸಂಗೀತ, ಇವತ್ತು ಏನೇನು ಕಲಿಯುತ್ತೇವೆ ಅನ್ನುವ ಮಾತು. ಪೆಡಲ್ ಕಾಣುವುದೇ ಆಮೇಲೆ. ಸ್ಪ್ಯಾನರ್ ಹಿಡಿದು ಕಾಯುತ್ತಿರುವವನಿಗೆ ಒಂದು ನಿಮಿಷ ತುಂಬಾ ಉದ್ದ.

ಯೂಟ್ಯೂಬ್ 2012ರಲ್ಲೇ ಬರೀ ವೀಕ್ಷಣೆಯ ಸಂಖ್ಯೆ ಬಿಟ್ಟು, ಜನ ಎಷ್ಟು ಹೊತ್ತು ನೋಡುತ್ತಾರೆ ಅನ್ನುವುದಕ್ಕೆ ಬೆಲೆ ಕೊಡಲು ಶುರು ಮಾಡಿತು. ಈಗ ಹುಡುಕಾಟದಲ್ಲಿ ಮೂರು ವಿಷಯ ಮುಖ್ಯ ಅಂತ ಹೇಳುತ್ತದೆ: ಹುಡುಕಿದ್ದಕ್ಕೂ ವಿಡಿಯೊಗೂ ಹೊಂದಿಕೆ ಇದೆಯೇ, ಜನ ಅದನ್ನು ನಿಂತು ನೋಡುತ್ತಾರೆಯೇ, ಗುಣಮಟ್ಟ ಹೇಗಿದೆ. ಎರಡನೆಯದರಲ್ಲಿ ಒಂದು ಸೂಕ್ಷ್ಮ ಇದೆ. ಒಂದು ನಿರ್ದಿಷ್ಟ ಹುಡುಕಾಟದಿಂದ ಬಂದವರು ಆ ವಿಡಿಯೊವನ್ನು ಎಷ್ಟು ಹೊತ್ತು ನೋಡಿದರು ಅನ್ನುವುದನ್ನೂ ಅದು ನೋಡಬಹುದು. ಅಂದರೆ ಹೆಸರಿನಲ್ಲಿ ಮಾತು ಕೊಟ್ಟು, ಒಳಗೆ ಅದನ್ನು ಕೊಡದೆ ಇದ್ದರೆ, ಅದೇ ಪದಕ್ಕೆ ನಾನು ಕೆಳಗೆ ಇಳಿಯುವ ಸಾಧ್ಯತೆ ಇದೆ.

ಹಾಕಿದ ವಿಡಿಯೊದ ಜಾಗದಲ್ಲಿ ಹೊಸ ಫೈಲ್ ಇಡಲು ಯೂಟ್ಯೂಬ್‌ನಲ್ಲಿ ಆಗುವುದಿಲ್ಲ. ಮತ್ತೆ ಹಾಕಿದರೆ ಹೊಸ ವಿಳಾಸ, ಹೊಸ ಲೆಕ್ಕ. ಆದರೆ ಸ್ಟುಡಿಯೊದ ಎಡಿಟರ್‌ನಲ್ಲಿ ಬೇಡದ ಭಾಗ ಕತ್ತರಿಸಬಹುದು. ವಿಳಾಸ, ವೀಕ್ಷಣೆ, ಕಾಮೆಂಟ್ ಎಲ್ಲ ಹಾಗೇ ಉಳಿಯುತ್ತವೆ. 55 ಸೆಕೆಂಡ್ ಕತ್ತರಿಸಿದೆ. ಈಗ ವಿಡಿಯೊ ಶುರುವಾಗುವುದೇ ಈ ಮಾತಿನಿಂದ: 'ಸ್ಪ್ಯಾನರ್ ಮೇಲ್ಮುಖವಾಗಿ ಇರಲಿ. ಎಡವೋ ಬಲವೋ, ಯಾವ ಪೆಡಲ್ ಆದರೂ ಹಿಂದಿನ ಚಕ್ರದ ಕಡೆ ಒತ್ತಿದರೆ ಬಿಚ್ಚುತ್ತದೆ.'

ಉತ್ತರ ಮೊದಲೇ ಕೊಟ್ಟರೆ ಜನ ಅಲ್ಲಿಗೇ ಹೊರಟುಹೋಗುತ್ತಾರಲ್ಲ ಅನ್ನುವ ಭಯ ಇತ್ತು. ಕೆಲವರು ಹೋದರು. ಆದರೆ ಉಳಿದವರು ಮೊದಲಿಗಿಂತ ಜಾಸ್ತಿ. ಉತ್ತರ ಇಲ್ಲೇ ಇದೆ ಅನ್ನುವ ನಂಬಿಕೆ ಬಂದ ಮೇಲೆ, ಕೈಯಲ್ಲಿ ಮಾಡುವುದನ್ನು ನೋಡಲು ಕೂರುತ್ತಾರೆ ಅಂತ ನನಗೆ ಅನ್ನಿಸುತ್ತದೆ. 30ನೇ ಸೆಕೆಂಡಿನಲ್ಲಿ ಈಗ ಮೂರರಲ್ಲಿ ಎರಡು ಪಾಲು ಜನ ಇದ್ದಾರೆ.

ಒಂದು ಎಚ್ಚರಿಕೆ. ಶುರುವಿನ ಭಾಗ ಕತ್ತರಿಸಿದ ಮೇಲೆ ವಿವರಣೆಯಲ್ಲಿ ಬರೆದ ಸಮಯಗಳು ತಾವಾಗಿ ಬದಲಾಗುವುದಿಲ್ಲ. ನನ್ನ ಅಧ್ಯಾಯಗಳೆಲ್ಲ 55 ಸೆಕೆಂಡ್ ಆಚೀಚೆ ಆಗಿದ್ದವು. ಮೂರು ದಿನ ಕಳೆದ ಮೇಲೆ ಗಮನಿಸಿ ಕೈಯಿಂದ ಸರಿಮಾಡಿದೆ.

ವಾರ 7

ಒಂದು ಸಂಸ್ಥೆಯಿಂದ ಮೇಲ್ ಬಂತು. ದುಡ್ಡು ಕೊಟ್ಟರೆ ವೀಕ್ಷಣೆ ಏರಿಸಿ, ಮೊದಲ ಸ್ಥಾನಕ್ಕೆ ತರುತ್ತಾರಂತೆ. ಬೇಡ ಅಂದೆ. ಸುಳ್ಳು ವೀಕ್ಷಣೆ ಯೂಟ್ಯೂಬ್ ನಿಯಮಕ್ಕೆ ವಿರುದ್ಧ. ಅದೂ ಅಲ್ಲದೆ, ನನಗೆ ಬೇಕಾಗಿರುವುದು ಪೆಡಲ್ ಬಿಚ್ಚಲಾಗದ ಮನುಷ್ಯ.

ವಾರ 8

ಸಬ್‌ಟೈಟಲ್ ಕೈಯಿಂದಲೇ ಬರೆದೆ. ಎಸ್‌ಆರ್‌ಟಿ ಫೈಲ್ ಅಂದರೆ ಸಾದಾ ಪಠ್ಯ: ಸಾಲಿನ ಸಂಖ್ಯೆ, ಶುರು ಮತ್ತು ಕೊನೆಯ ಸಮಯ, ಕೆಳಗೆ ಮಾತು. ಅದನ್ನು ಯುಟಿಎಫ್-8ರಲ್ಲಿ (ಎಲ್ಲ ಭಾಷೆಯ ಅಕ್ಷರಗಳನ್ನೂ ಉಳಿಸುವ ಪದ್ಧತಿ) ಉಳಿಸಿದೆ, ಇಲ್ಲದಿದ್ದರೆ ಕನ್ನಡ ಅಕ್ಷರ ಕೆಡಬಹುದು. ಶಬ್ದ ಇಲ್ಲದೆ ನೋಡುವವರಿಗೂ ಕಿವಿ ಕೇಳದವರಿಗೂ ಇದು ಬೇಕೇ ಬೇಕು.

ಬರೆಯುವಾಗ ಇನ್ನೊಂದು ವಿಷಯ ಗೊತ್ತಾಯಿತು. ವಿಡಿಯೊದಲ್ಲಿ ನಾನು 'ಇದನ್ನ ಹೀಗೆ ತಿರುಗಿಸಿ, ಅದು ಹಾಗೆ ಬರುತ್ತೆ' ಅನ್ನುತ್ತಲೇ ಇರುತ್ತೇನೆ. ತೆರೆಯ ಮೇಲೆ ಕೈ ಕಾಣುವುದರಿಂದ ನನಗೆ ಅದು ತಪ್ಪು ಅನ್ನಿಸಿರಲಿಲ್ಲ. ಕಾಗದದ ಮೇಲೆ ಅದಕ್ಕೆ ಅರ್ಥವೇ ಇಲ್ಲ. ಐದು ನಿಮಿಷದ ಬ್ರೇಕ್ ವಿಡಿಯೊದಲ್ಲಿ 'ಬ್ರೇಕ್ ಶೂ' ಅನ್ನುವ ಮಾತು ಒಂದೇ ಸಲ ಬಂದಿದೆ. ಇನ್ನು ಮುಂದೆ ಪ್ರತಿ ಭಾಗವನ್ನೂ ಹೆಸರು ಹಿಡಿದೇ ಹೇಳಬೇಕು.

ವಾರ 10

ಥಂಬ್‌ನೇಲ್, ಅಂದರೆ ವಿಡಿಯೊ ತೆರೆಯುವ ಮೊದಲು ಕಾಣುವ ಚಿತ್ರ. 1280 ಪಿಕ್ಸೆಲ್ ಅಡ್ಡ, 720 ಪಿಕ್ಸೆಲ್ ಉದ್ದದ ಅಳತೆಯಲ್ಲಿ ಹೊಸದಾಗಿ ಮಾಡಿದೆ. ಹಳೆಯದರಲ್ಲಿ ಇಡೀ ಸೈಕಲ್ ಮತ್ತು ಉದ್ದನೆಯ ಬರಹ ಇತ್ತು. ಮೊಬೈಲ್‌ನಲ್ಲಿ ಬೆರಳಿನಷ್ಟು ಕಾಣುವ ಚಿತ್ರದಲ್ಲಿ ಅದನ್ನು ಯಾರು ಓದುತ್ತಾರೆ? ಈಗ ಕೆಟ್ಟಿರುವ ಭಾಗ ಹತ್ತಿರದಿಂದ, ಜೊತೆಗೆ ಎರಡೇ ಪದ.

ಸ್ಟುಡಿಯೊದಲ್ಲಿ ಮೂರು ಚಿತ್ರಗಳವರೆಗೆ ಒಟ್ಟಿಗೆ ಹಾಕಿ ಹೋಲಿಸುವ ಸೌಲಭ್ಯ ಇದೆ. ಅದು ಗೆದ್ದ ಚಿತ್ರವನ್ನು ಕ್ಲಿಕ್‌ನಿಂದ ಅಳೆಯುವುದಿಲ್ಲ, ನೋಡಿದ ಸಮಯದ ಪಾಲಿನಿಂದ ಅಳೆಯುತ್ತದೆ. ಒಳ್ಳೆಯ ಪದ್ಧತಿ. ಸುಳ್ಳು ಚಿತ್ರ ಕ್ಲಿಕ್ ತರಬಹುದು, ಸಮಯ ತರುವುದಿಲ್ಲ. ನನ್ನ ಮೊದಲ ಹೋಲಿಕೆಯಲ್ಲಿ ಸ್ಪಷ್ಟ ಗೆಲುವು ಬರಲಿಲ್ಲ, ನೋಡುವವರ ಸಂಖ್ಯೆ ಸಾಲದು. ಆದರೆ ಚಿತ್ರ ಕಂಡವರಲ್ಲಿ ಕ್ಲಿಕ್ ಮಾಡಿದವರ ಪಾಲು ಗೇರ್ ವಿಡಿಯೊದಲ್ಲಿ ಶೇ 2.1 ಇಂದ ಶೇ 4.4ಕ್ಕೆ ಬಂದಿದೆ. ಯೂಟ್ಯೂಬ್ ಹೇಳುವ ಪ್ರಕಾರ ಅರ್ಧದಷ್ಟು ಚಾನೆಲ್ ಮತ್ತು ವಿಡಿಯೊಗಳದ್ದು ಶೇ 2 ಇಂದ 10ರ ಒಳಗೆ ಇರುತ್ತದೆ.

ವಾರ 11ರಿಂದ 13

ಈಗ ಗೂಗಲ್ ಹುಡುಕಾಟದ ಕೆಲಸ. ನನಗೊಂದು ಚಿಕ್ಕ ವೆಬ್‌ಸೈಟ್ ಇದೆ. ಅದರ ಒಂದೇ ಪುಟದಲ್ಲಿ ಹನ್ನೊಂದು ವಿಡಿಯೊಗಳನ್ನೂ ಸಾಲಾಗಿ ಇಟ್ಟಿದ್ದೆ. ನಮ್ಮ ಸೈಟ್ ಗೂಗಲ್ ಹುಡುಕಾಟಕ್ಕೆ ಎಷ್ಟು ಸೇರಿದೆ ಅಂತ ತೋರಿಸುವ ಸರ್ಚ್ ಕನ್ಸೋಲ್‌ನ ವಿಡಿಯೊ ವರದಿಯಲ್ಲಿ ಒಂದೂ ಸೇರಿಲ್ಲ. 2023ರ ಡಿಸೆಂಬರ್‌ನಿಂದ ಗೂಗಲ್ ತನ್ನ ವಿಡಿಯೊ ವಿಭಾಗದಲ್ಲಿ, ವಿಡಿಯೊವೇ ಮುಖ್ಯ ವಿಷಯವಾಗಿರುವ ಪುಟಗಳನ್ನು ಮಾತ್ರ ತೋರಿಸುತ್ತದೆ. ಹನ್ನೊಂದು ವಿಡಿಯೊಗಳ ಪಟ್ಟಿಗೆ ಆ ಗುಣ ಇಲ್ಲ. ಒಂದೊಂದಕ್ಕೂ ಬೇರೆ ಪುಟ ಮಾಡಿದೆ. ಮೇಲೆ ವಿಡಿಯೊ, ಕೆಳಗೆ ಅದರದೇ ಹಂತಗಳು.

ಆದರೂ ಎರಡು ವಾರ ಏನೂ ಆಗಲಿಲ್ಲ. ಪುಟ ಬೇಗ ತೆರೆಯಲಿ ಅಂತ ನಾನು ಮೊದಲು ಬರೀ ಚಿತ್ರ ತೋರಿಸಿ, ಒತ್ತಿದ ಮೇಲೆ ಮಾತ್ರ ಪ್ಲೇಯರ್ ಬರುವ ಹಾಗೆ ಮಾಡಿದ್ದೆ. ಗೂಗಲ್‌ನ ಬಾಟ್ (ಪುಟಗಳನ್ನು ತಾನಾಗಿ ಓದುವ ಪ್ರೋಗ್ರಾಂ) ಬಟನ್ ಒತ್ತುವುದಿಲ್ಲ. ಹಾಗಾಗಿ ಅದರ ಪಾಲಿಗೆ ಆ ಪುಟದಲ್ಲಿ ವಿಡಿಯೊ ಇರಲೇ ಇಲ್ಲ! ಪ್ಲೇಯರ್ ನೇರವಾಗಿ ಇಟ್ಟೆ.

ಜೊತೆಗೆ ಸ್ಕೀಮಾ ಮಾಹಿತಿ, ಅಂದರೆ ಪುಟದಲ್ಲಿ ಏನಿದೆ ಅಂತ ಹುಡುಕಾಟದ ಯಂತ್ರಕ್ಕೆ ಹೇಳುವ ಕೋಡ್ ಸೇರಿಸಿದೆ. ವಿಡಿಯೊಆಬ್ಜೆಕ್ಟ್ ಅನ್ನುವ ಬಗೆಯಲ್ಲಿ ಹೆಸರು, ಥಂಬ್‌ನೇಲ್ ವಿಳಾಸ, ಹಾಕಿದ ದಿನಾಂಕ ಈ ಮೂರು ಕಡ್ಡಾಯ. ವಿವರಣೆ, ಅವಧಿ ಇದ್ದರೆ ಒಳ್ಳೆಯದು. ಅವಧಿಯನ್ನು ನಾನು 4:30 ಅಂತ ಬರೆದಿದ್ದೆ, ಪರೀಕ್ಷೆಯಲ್ಲಿ ತಪ್ಪು ತೋರಿಸಿತು. ಐಎಸ್‌ಒ 8601 ಅನ್ನುವ, ದಿನಾಂಕ ಮತ್ತು ಸಮಯ ಬರೆಯುವ ಅಂತರರಾಷ್ಟ್ರೀಯ ರೀತಿಯಲ್ಲಿ ಬರೆಯಬೇಕು. ಪಿಟಿ ಅಂತ ಶುರು ಮಾಡಿ, 4ರ ಮುಂದೆ ನಿಮಿಷಕ್ಕೆ ಎಂ, 30ರ ಮುಂದೆ ಸೆಕೆಂಡಿಗೆ ಎಸ್, ನಡುವೆ ಜಾಗ ಇಲ್ಲದೆ: PT4M30S.

ಹದಿಮೂರನೇ ವಾರದ ಕೊನೆಗೆ ಏಳು ಪುಟಗಳ ವಿಡಿಯೊ ಸೇರಿವೆ. ನಾಲ್ಕು ಬಾಕಿ.

ವಾರ 16

ಲೆಕ್ಕ: 100 ವೀಕ್ಷಣೆಗಳಲ್ಲಿ ಈಗ 38 ಸರ್ಚ್‌ನಿಂದ. ಪೆಡಲ್ ಮತ್ತು ಗೇರ್ ವಿಡಿಯೊಗಳೇ ಇದರಲ್ಲಿ ಹೆಚ್ಚಿನ ಪಾಲು. ಸ್ಪೋಕ್ ಬಿಗಿ ಮಾಡುವ ವಿಡಿಯೊ ಎಷ್ಟು ಹೆಸರು ಬದಲಿಸಿದರೂ ಏಳಲಿಲ್ಲ. ಅದನ್ನು ಮತ್ತೆ ನೋಡಿದೆ. ವಿಡಿಯೊವೇ ಗಲಿಬಿಲಿಯಾಗಿದೆ, ಹೊಸದಾಗಿ ತೆಗೆಯಬೇಕು.

ನಿನ್ನೆ ಪೆಡಲ್ ವಿಡಿಯೊಗೆ ಒಂದು ಕಾಮೆಂಟ್ ಬಂದಿದೆ. 'ಒಂದು ಗಂಟೆಯಿಂದ ಒದ್ದಾಡ್ತಿದ್ದೆ, ಹತ್ತು ಸೆಕೆಂಡ್‌ನಲ್ಲಿ ಬಿಚ್ಚಿತು.' ಅದನ್ನು ಎರಡು ಸಲ ಓದಿದೆ. ತುಂಬಾ ಖುಷಿಯಾಯಿತು.

ಸರ್ಚ್ ಪದಗಳ ಪಟ್ಟಿಯಲ್ಲಿ ಈ ವಾರ ಹೊಸ ಸಾಲು ಇದೆ: 'ಪೆಡಲ್ ತುಳಿದ್ರೆ ಕಟ ಕಟ ಶಬ್ದ'. ಅದಕ್ಕೆ ನನ್ನ ಹತ್ತಿರ ವಿಡಿಯೊ ಇಲ್ಲ. ಭಾನುವಾರ ತೆಗೆಯುತ್ತೇನೆ. ಮೊದಲ ಹತ್ತು ಸೆಕೆಂಡಿನಲ್ಲಿ ಆ ಶಬ್ದ ಕೇಳಿಸಬೇಕು, ಅಷ್ಟು ನಿರ್ಧಾರ ಆಗಿದೆ.