ಕೊಡಗಿನ ಮಕ್ಕಳಿಗೆ ಬೆಂಗಳೂರಲ್ಲಿ ಏನು ತೋರಿಸಬೇಕು?

ಕಾಫಿ ಕುಯ್ಲು ಮುಗಿದು, ತೋಟಕ್ಕೆ ಸ್ಪ್ರಿಂಕ್ಲರ್ ಇಡುವ ಗಡಿಬಿಡಿಯೂ ಇಳಿದು, ಮಕ್ಕಳ ಪರೀಕ್ಷೆ ಕಳೆಯಿತು ಅಂದರೆ ನಮ್ಮ ಕಡೆ ಬೆಂಗಳೂರಿನ ಮಾತು ಶುರು. ಅಲ್ಲಿ ಚಿಕ್ಕಪ್ಪನ ಮನೆಯೋ ಅತ್ತೆಯ ಮನೆಯೋ ಇದ್ದೇ ಇರುತ್ತದೆ, ಎರಡು ದಿನ ಹೋಗಿ ಬರೋಣ ಅಂತ. ಹೊರಡುವವರ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದು ಬನ್ನೇರುಘಟ್ಟ, ಲಾಲ್‌ಬಾಗ್, ಕಬ್ಬನ್ ಪಾರ್ಕ್, ಒಂದು ಮಾಲ್. ದುಬಾರೆಯಲ್ಲಿ ಆನೆಯ ಮೈ ತಿಕ್ಕುವುದನ್ನು ಹತ್ತಿರದಿಂದ ಕಂಡ ಮಗುವಿಗೆ, ಅಂಗಳ ದಾಟಿದರೆ ಸಿಲ್ವರ್ ಓಕ್ ಸಿಗುವ ಮಗುವಿಗೆ, ಪ್ರಾಣಿ ಮತ್ತು ಮರ ತೋರಿಸಲು 250 ಕಿಲೋಮೀಟರ್ ಒಯ್ಯುವುದು ಯಾಕೆ? ನಮ್ಮಲ್ಲಿ ಇಲ್ಲದ್ದನ್ನು ತೋರಿಸಿ. ಕೊಡಗಿನಲ್ಲಿ ರೈಲು ಹಳಿಯೇ ಇಲ್ಲ. ನೆಲದಡಿ ಓಡುವ ಗಾಡಿ ಇಲ್ಲ, ತಾರಾಲಯ ಇಲ್ಲ, ಗುಂಡಿ ಒತ್ತಿ ನೋಡುವ ದೊಡ್ಡ ವಿಜ್ಞಾನ ವಸ್ತುಸಂಗ್ರಹಾಲಯ ಇಲ್ಲ. ಪ್ರವಾಸವನ್ನು ಈ ನಾಲ್ಕರ ಸುತ್ತ ಕಟ್ಟಿ. ದಿನಕ್ಕೆ ಒಂದು ದೊಡ್ಡ ಜಾಗ, ಹೆಚ್ಚೆಂದರೆ ಅದರ ಜೊತೆ ಕೂತು ನೋಡುವಂಥದ್ದು ಇನ್ನೊಂದು. ಮೂರನೆಯದನ್ನು ಸೇರಿಸಿದ ದಿನ ಸಂಜೆ ಮಗು ಅಳುವುದು ಹಟದಿಂದಲ್ಲ, ಸುಸ್ತಿನಿಂದ.

ಮೊದಲು ದಾರಿಯ ವಿಷಯ. ಮಡಿಕೇರಿಯಿಂದ ಸುಂಟಿಕೊಪ್ಪ ದಾಟಿ ಕುಶಾಲನಗರ ತಲುಪುವ ಮೊದಲ 30 ಕಿಲೋಮೀಟರಿನಲ್ಲೇ ಹೆಚ್ಚಿನ ಮಕ್ಕಳಿಗೆ ವಾಂತಿ ಆಗುವುದು. ತಿರುವಿನಲ್ಲಿ ದೇಹ ವಾಲುತ್ತಿದೆ ಎಂದು ಒಳಕಿವಿ ಹೇಳುತ್ತದೆ, ಮುಂದಿನ ಸೀಟಿನ ಬೆನ್ನನ್ನೋ ಮೊಬೈಲನ್ನೋ ನೋಡುತ್ತಿರುವ ಕಣ್ಣು ಎಲ್ಲವೂ ನಿಂತೇ ಇದೆ ಎನ್ನುತ್ತದೆ. ಈ ಎರಡು ಸುದ್ದಿ ತಾಳೆಯಾಗದೆ ಹೊಟ್ಟೆ ತೊಳೆಸುತ್ತದೆ. 2ರಿಂದ 12 ವರ್ಷದವರಿಗೆ ಈ ಕಾಟ ಜಾಸ್ತಿ. ಹಾಗಾಗಿ ಮುಂದಿನ ಗಾಜಿನಾಚೆ ರಸ್ತೆ ಕಾಣುವಂತೆ ಬಸ್ಸಿನ ಮುಂಭಾಗದಲ್ಲಿ ಕೂರಿಸಿ, ಹಿಂದಿನ ಚಕ್ರದ ಮೇಲಿನ ಸೀಟು ಬೇಡವೇ ಬೇಡ. ಕುಶಾಲನಗರದವರೆಗೆ ಮೊಬೈಲ್ ಕೊಡಬೇಡಿ. ಖಾಲಿ ಹೊಟ್ಟೆಯೂ ತಪ್ಪು, ತುಂಬಿದ ಹೊಟ್ಟೆಯೂ ತಪ್ಪು. ಹೊರಡುವ ಒಂದು ಗಂಟೆ ಮೊದಲು ಒಂದು ಇಡ್ಲಿ ಅಥವಾ ಅರ್ಧ ಅಕ್ಕಿರೊಟ್ಟಿ ಸಾಕು, ಹಾಲು ಬೇಡ. ಮಾತ್ರೆ ಬೇಕಾಗುವ ಮಗುವಾದರೆ ತೂಕ ಹೇಳಿ ವೈದ್ಯರಿಂದಲೇ ಪ್ರಮಾಣ ಬರೆಸಿಕೊಳ್ಳಿ. ವಾಂತಿ ಶುರುವಾದ ಮೇಲೆ ಕೊಟ್ಟ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಮಗುವಿಗೆ ಎರಡರಂತೆ ಕವರ್, ಒಂದು ಟವೆಲ್, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ, ಡಿಕ್ಕಿಗೆ ಹೋಗುವ ಸೂಟ್‌ಕೇಸಿನಲ್ಲಲ್ಲ. ಬುತ್ತಿಗೆ ಒಣ ಅಕ್ಕಿರೊಟ್ಟಿ, ಎಳ್ಳು ಪಜ್ಜಿ ಮಧ್ಯಾಹ್ನದವರೆಗೆ ತಡೆಯುತ್ತದೆ. ಪಾಪುಟ್ಟಿನಲ್ಲಿ ಹಾಲು, ತೆಂಗಿನಕಾಯಿ ಇರುವುದರಿಂದ ಬಯಲುಸೀಮೆಯ ಬಿಸಿಲಿಗೆ ಹಳಸುತ್ತದೆ.

ನೇರ ಬಸ್ಸಿಗಿಂತ ಮೈಸೂರಿನಲ್ಲಿ ಇಳಿದು ರೈಲು ಹಿಡಿಯುವುದೇ ಮಕ್ಕಳಿಗೆ ಹಬ್ಬ. ಮಡಿಕೇರಿಯಿಂದ ಮೈಸೂರಿಗೆ ಮೂರು ಗಂಟೆ ಇಟ್ಟುಕೊಳ್ಳಿ. ವಿರಾಜಪೇಟೆ, ಗೋಣಿಕೊಪ್ಪದವರು ತಿತಿಮತಿ, ಹುಣಸೂರಿನ ಮೇಲೆ ಬನ್ನಿ. ಬಸ್ ನಿಲ್ದಾಣದಿಂದ ರೈಲು ನಿಲ್ದಾಣಕ್ಕೆ ಆಟೋದಲ್ಲಿ ಸ್ವಲ್ಪ ಹೊತ್ತಿನ ದಾರಿ, ಆದರೂ ಬಸ್ ತಡವಾಗುವುದನ್ನು ಎಣಿಸಿ ಎರಡರ ನಡುವೆ ಒಂದೂವರೆ ಗಂಟೆ ಅಂತರ ಬಿಡಿ. ಟಿಕೆಟ್ಟಿನಲ್ಲಿ ಹಲವರು ಎಡವುತ್ತಾರೆ. 5 ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಸೀಟು ಕೇಳದಿದ್ದರೆ ಟಿಕೆಟ್ ಬೇಡ. 5 ತುಂಬಿ 12 ಆಗದ ಮಕ್ಕಳಿಗೆ ಕಾಯ್ದಿರಿಸದ ಬೋಗಿಯಲ್ಲಿ ಅರ್ಧ ದರ. ಚೇರ್ ಕಾರಿನಲ್ಲಿ ಮಾತ್ರ ಅರ್ಧ ದರದ ಮಾತೇ ಇಲ್ಲ, ಪೂರ್ತಿ ಕೊಡಬೇಕು. ಇಬ್ಬರು ಮಕ್ಕಳ ಮನೆಗೆ ಇದು ಲೆಕ್ಕಕ್ಕೆ ಬರುವ ಮೊತ್ತ.

ಮೈಸೂರು ಬಿಟ್ಟ ಸ್ವಲ್ಪ ಹೊತ್ತಿಗೆ ಮಕ್ಕಳನ್ನು ಕಿಟಕಿಗೆ ಕರೆಯಿರಿ. ಶ್ರೀರಂಗಪಟ್ಟಣ ದ್ವೀಪ, ಹಾಗಾಗಿ ರೈಲು ಕಾವೇರಿಯನ್ನು ಎರಡು ಸಲ ದಾಟುತ್ತದೆ, ನಡುವೆ ಹಳೆಯ ಕೋಟೆಯ ಒಳಗೇ ಹಾದುಹೋಗುತ್ತದೆ. ತಲಕಾವೇರಿಯ ಪುಟ್ಟ ಕುಂಡಿಕೆಯನ್ನು ನೋಡಿದ ಮಗುವಿಗೆ ಅದೇ ನೀರು ಇಲ್ಲಿ ಹೀಗೆ ಹರಡಿಕೊಂಡಿದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆ ಜಾಗವಿಲ್ಲ. ಆಮೇಲೆ ಮದ್ದೂರಿನಲ್ಲಿ ವಡೆ, ಚನ್ನಪಟ್ಟಣದಲ್ಲಿ ಬೊಂಬೆಯ ಊರು ಎಂಬ ಮಾತು, ರಾಮನಗರದಲ್ಲಿ ಬೋಳು ಬಂಡೆಗಳು. ನಮ್ಮ ಬೆಟ್ಟಗಳಿಗೆ ಹಸಿರು ಹೊದಿಕೆ, ಆ ಬೆಟ್ಟಗಳಿಗೆ ಯಾಕಿಲ್ಲ ಎಂದು ಮಕ್ಕಳೇ ಕೇಳುತ್ತಾರೆ.

ನೇರ ಬಸ್ಸಿನಲ್ಲೇ ಹೋಗುವುದಾದರೆ ಟಿಕೆಟ್ ತೆಗೆಯುವಾಗಲೇ ಕೆಂಗೇರಿಯಲ್ಲಿ ನಿಲ್ಲಿಸುತ್ತೀರಾ ಎಂದು ಕಂಡಕ್ಟರನ್ನು ಕೇಳಿಕೊಳ್ಳಿ. ಅಲ್ಲಿ ಕೆಂಗೇರಿ ಬಸ್ ಟರ್ಮಿನಲ್ ಎಂಬ ಮೆಟ್ರೋ ನಿಲ್ದಾಣವಿದೆ, ನೇರಳೆ ಮಾರ್ಗದ್ದು. ಮೈಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಕೊನೆಯ ಒಂದು ಗಂಟೆ ಬೇಯುವ ಬದಲು ಅಲ್ಲಿಂದ ಮೆಟ್ರೋ ಹತ್ತಿದರೆ ಗಾಡಿ ಬದಲಾಯಿಸದೆ ಕಬ್ಬನ್ ಪಾರ್ಕ್ ನಿಲ್ದಾಣದವರೆಗೂ ಹೋಗಬಹುದು.

ಮೆಟ್ರೋವನ್ನು ಬರೀ ಸಾಗಣೆ ಎಂದು ನೋಡಬೇಡಿ, ಮಕ್ಕಳಿಗೆ ಅದೇ ಒಂದು ನೋಟ. ಬೆಳಿಗ್ಗೆ ಮತ್ತು ಸಂಜೆ ಆಫೀಸಿನ ಹೊತ್ತು ತಪ್ಪಿಸಿ 11ರಿಂದ 4ರ ನಡುವೆ ಹತ್ತಿ. 3 ಅಡಿಗಿಂತ ಕುಳ್ಳಗಿರುವ ಮಗುವಿಗೆ ಟಿಕೆಟ್ ಬೇಡ, ಅದನ್ನು ಎತ್ತಿಕೊಂಡೇ ಗೇಟು ದಾಟಿ. ಅದಕ್ಕಿಂತ ದೊಡ್ಡವರಿಗೆ ಮೊಬೈಲ್ ಟಿಕೆಟ್ಟಿಗಿಂತ ಟೋಕನ್ ಒಳ್ಳೆಯದು, ಕೈಯಲ್ಲಿ ಹಿಡಿದುಕೊಳ್ಳಲು ಸ್ವಂತದ್ದೊಂದು ವಸ್ತು ಸಿಕ್ಕಿದಂತಾಗುತ್ತದೆ. ಒಳಗೆ ಹೋಗುವಾಗ ಗೇಟಿನ ಮೇಲೆ ಮುಟ್ಟಿಸಬೇಕು, ಹೊರಗೆ ಬರುವಾಗ ಸೀಳಿನೊಳಗೆ ಹಾಕಬೇಕು. ತಪ್ಪಾಗುವುದು ಎಲ್ಲಿ ಅಂದರೆ, ಅಪ್ಪ ತನ್ನ ಟೋಕನ್ ಮುಟ್ಟಿಸಿ ಮುಂದೆ ಹೋಗಿಬಿಡುತ್ತಾರೆ, ಮಗು ಹಿಂದೆ ಉಳಿದು ಗೇಟಿನ ರೆಕ್ಕೆ ಮುಚ್ಚಿಕೊಳ್ಳುತ್ತದೆ. ಮೊದಲು ಮಗುವಿನ ಟೋಕನ್ ಮುಟ್ಟಿಸಿ ಅದನ್ನು ದಾಟಿಸಿ, ಆಮೇಲೆ ನಿಮ್ಮದು. ಟೋಕನ್ ಕಳೆದರೆ ದಂಡ ಬೀಳುತ್ತದೆ, ಆದ್ದರಿಂದ ಗೇಟು ದಾಟಿದ ಕೂಡಲೇ ನಿಮ್ಮ ಜೇಬಿಗೆ ಇಳಿಸಿ, ಇಳಿಯುವ ನಿಲ್ದಾಣದಲ್ಲಿ ಮತ್ತೆ ಕೈಗೆ ಕೊಡಿ.

ಎಸ್ಕಲೇಟರ್ ಇನ್ನೊಂದು ಜಾಗ. ಮೆತ್ತನೆ ರಬ್ಬರಿನ ಕ್ರಾಕ್ಸ್ ತರಹದ ಚಪ್ಪಲಿ ಮೆಟ್ಟಿಲಿನ ಅಂಚಿಗೂ ಪಕ್ಕದ ತಗಡಿಗೂ ನಡುವೆ ಎಳೆದುಕೊಳ್ಳುತ್ತದೆ. ರಬ್ಬರು ಮೆತ್ತಗಿರುವುದರಿಂದ ಹಿಗ್ಗಿ ಒಳಗೆ ನುಗ್ಗುತ್ತದೆ, ಕಾಲೂ ಅದರ ಜೊತೆಗೆ. ಬೆಂಗಳೂರಿಗೆ ಶೂ ಹಾಕಿಸಿ, ಲೇಸು ಒಳಗೆ ಸಿಕ್ಕಿಸಿ, ಮೆಟ್ಟಿಲಿನ ನಟ್ಟನಡುವೆ ನಿಲ್ಲಿಸಿ, ತುದಿಗೆ ಬಂದಾಗ ಕೈ ಹಿಡಿದು ಹೆಜ್ಜೆ ಎತ್ತಿಸಿ.

ಮೆಟ್ರೋ ಗಾಡಿಯ ಒಳಗೆ ಬಾಗಿಲಿನ ಪಕ್ಕದ ಗಾಜಿನ ಹತ್ತಿರ ಜಾಗ ಸಿಕ್ಕರೆ ಮಕ್ಕಳಿಗೆ ಸೀಟೇ ಬೇಡ. ಕೆಂಗೇರಿ ಕಡೆಯಿಂದ ಬಂದರೆ ವಿಜಯನಗರ, ಹೊಸಹಳ್ಳಿಯವರೆಗೆ ಮನೆಗಳ ಮಾಳಿಗೆಯ ಮಟ್ಟದಲ್ಲಿ ಓಡುತ್ತದೆ: ಒಣಗಲು ಹಾಕಿದ ಬಟ್ಟೆ, ನೀರಿನ ಟ್ಯಾಂಕು, ತಾರಸಿಯ ಕುಂಡಗಳು. ಮಾಗಡಿ ರಸ್ತೆ ನಿಲ್ದಾಣ ಕಳೆದ ಮೇಲೆ ಗಾಡಿ ಇಳಿಜಾರಿಗೆ ಬಾಗುತ್ತದೆ, ಗಾಜು ಕಪ್ಪಾಗುತ್ತದೆ, ಮಗುವಿನ ಮುಖವೇ ಅದರಲ್ಲಿ ಕಾಣತೊಡಗುತ್ತದೆ. ಮುಂದಿನ ಐದು ನಿಲ್ದಾಣವೂ ನೆಲದಡಿ. ಇದನ್ನು ಮೊದಲೇ ಹೇಳಿಟ್ಟಿರಿ, ಹೇಳದಿದ್ದರೆ ಸಣ್ಣವರು ಹೆದರುತ್ತಾರೆ, ಹೇಳಿದರೆ ಕಾಯುತ್ತಾರೆ. ಕಬ್ಬನ್ ಪಾರ್ಕಿನಲ್ಲಿ ಇಳಿಯದೆ ಇನ್ನೊಂದೇ ನಿಲ್ದಾಣ ಮುಂದೆ ಹೋದರೆ ಗಾಡಿ ಮತ್ತೆ ಬೆಳಕಿಗೆ ಏರಿ ಎಂ.ಜಿ. ರಸ್ತೆಯ ಮೇಲೆ ನಿಲ್ಲುತ್ತದೆ. ಆ ಏರುವಿಕೆ ನೋಡಲಿಕ್ಕಾಗಿಯೇ ಅಲ್ಲಿಯವರೆಗೆ ಟಿಕೆಟ್ ತೆಗೆದರೂ ನಷ್ಟವಿಲ್ಲ.

ಕಳೆದುಹೋಗುವ ಭಯದ ಬಗ್ಗೆ ಸ್ಪಷ್ಟವಾಗಿ ಮಾತಾಡಿಕೊಂಡೇ ಹೊರಡಬೇಕು. ನಮ್ಮ ಊರಿನ ಸಂತೆಯಲ್ಲಿ ಮಗು ಕೈ ಬಿಟ್ಟರೂ ‘ಇದು ಯಾರ ಮನೆ ಮಗು’ ಅಂತ ಯಾರಾದರೂ ಗುರುತು ಹಿಡಿಯುತ್ತಾರೆ. ಮೆಜೆಸ್ಟಿಕ್ಕಿನಲ್ಲಿ ಹಾಗಾಗುವುದಿಲ್ಲ. ಅಪ್ಪ ಅಥವಾ ಅಮ್ಮನ ಫೋನ್ ನಂಬರ್ ಬಾಯಿಪಾಠ ಮಾಡಿಸಿ. ಸಣ್ಣವರಿಗೆ ಮೊಣಕೈ ಕೆಳಗೆ ಬಾಲ್‌ಪೆನ್ನಿನಲ್ಲಿ ಬರೆದು ಮೇಲೆ ಪಾರದರ್ಶಕ ಟೇಪು ಅಂಟಿಸಿ, ಬೆವರಿಗೆ ಅಳಿಸದು. ಪ್ರತಿ ಬೆಳಿಗ್ಗೆ ಹೊರಡುವ ಮುನ್ನ ಒಂದು ಫೋಟೊ ತೆಗೆಯಿರಿ. ಯಾವ ಬಣ್ಣದ ಅಂಗಿ ಎಂದು ಗಾಬರಿಯಲ್ಲಿ ಯಾರಿಗೂ ನೆನಪಾಗುವುದಿಲ್ಲ. ಮೆಟ್ರೋ ಬಾಗಿಲು ಮುಚ್ಚಿ ಮಗು ಒಳಗೆ, ನೀವು ಹೊರಗೆ ಉಳಿದರೆ ಏನು ಮಾಡಬೇಕು ಎಂಬುದನ್ನು ಮನೆಯಲ್ಲೇ ಹೇಳಿಕೊಡಿ: ಮಗು ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲೇ ಗೋಡೆಗೆ ಆತು ನಿಲ್ಲಬೇಕು, ನೀವು ಮುಂದಿನ ಗಾಡಿಯಲ್ಲಿ ಬರುತ್ತೀರಿ. ಮಗು ಒಳಗೆ ಹಾರಿತು ಅಂತ ಮುಚ್ಚುವ ಬಾಗಿಲಿಗೆ ಕೈ ಹಾಕಬೇಡಿ. ಹತ್ತಿರದ ಸಿಬ್ಬಂದಿಗೆ ಹೇಳಿದರೆ ಮುಂದಿನ ನಿಲ್ದಾಣಕ್ಕೆ ಸುದ್ದಿ ಮುಟ್ಟಿಸುತ್ತಾರೆ. ಮಕ್ಕಳ ಸಹಾಯವಾಣಿ 1098, ತುರ್ತು ಸಂಖ್ಯೆ 112.

ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಒಂದು ಪೂರ್ತಿ ಬೆಳಗ್ಗೆ ಕೊಡಿ. 1962ರಿಂದ ಇದೆ. 9.30ಕ್ಕೆ ಬಾಗಿಲು ತೆರೆಯುವಾಗಲೇ ಒಳಗಿರಿ. ನವೆಂಬರ್‌ನಿಂದ ಜನವರಿವರೆಗೆ ಶಾಲಾ ಪ್ರವಾಸದ ಬಸ್ಸುಗಳು ಬಂದು ಸೇರುವ ಹೊತ್ತಿಗೆ ನಿಮ್ಮದು ಅರ್ಧ ಮುಗಿದಿರುತ್ತದೆ. ಹೊರಗೆ ನಿಂತಿರುವ ಮಾರುತ್ ವಿಮಾನ ನಮ್ಮ ದೇಶದಲ್ಲೇ, ಇದೇ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಮಾಡಿದ ಯುದ್ಧವಿಮಾನ. ಒಳಗೆ ರೈಟ್ ಸಹೋದರರ ವಿಮಾನದ ನಿಜ ಗಾತ್ರದ ಪ್ರತಿಕೃತಿ ಇದೆ. ಎರಡನ್ನೂ ಒಂದೇ ದಿನ ನೋಡಿದ ಮಗುವಿಗೆ ಬಟ್ಟೆ ಹೊದೆಸಿದ ರೆಕ್ಕೆಯಿಂದ ಲೋಹದ ರೆಕ್ಕೆಗೆ ಬಂದ ದೂರ ತಾನೇ ಹೊಳೆಯುತ್ತದೆ.

ನಮ್ಮ ಮಕ್ಕಳನ್ನು ಹೆಚ್ಚು ಹೊತ್ತು ನಿಲ್ಲಿಸಬೇಕಾದದ್ದು ಎಂಜಿನ್ ಹಾಲ್‌ನಲ್ಲಿ. ಕೆರೆಯಿಂದ ತೋಟಕ್ಕೆ ನೀರೆತ್ತುವ ಡೀಸೆಲ್ ಎಂಜಿನ್ನಿನ ಸದ್ದು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ಬೆಲ್ಟು ಇವೆಲ್ಲ ಅವರಿಗೆ ಗೊತ್ತು, ಒಳಗೇನಾಗುತ್ತದೆ ಎಂಬುದು ಗೊತ್ತಿಲ್ಲ. ಇಲ್ಲಿ ಒಳಭಾಗ ಕಾಣುತ್ತದೆ. ಪಿಸ್ಟನ್ ಮೇಲೆ ಕೆಳಗೆ ಹೋಗುವುದು, ಅದು ಸುತ್ತುವ ಚಲನೆಯಾಗಿ ಬದಲಾಗುವುದು, ಅದನ್ನು ‘ನಮ್ಮ ಕೆರೆಯ ಎಂಜಿನ್ನಿನಲ್ಲಿ ಈ ಚಕ್ರ ಯಾವುದು ಹೇಳು’ ಎಂದು ಕೇಳುತ್ತ ತೋರಿಸಿ. ಇಲ್ಲಿ ಮಕ್ಕಳು ಮಾಡುವ ತಪ್ಪು ಒಂದೇ: ಎಲ್ಲ ಗುಂಡಿಗಳನ್ನೂ ಒತ್ತುತ್ತಾ ಓಡುವುದು. ಒತ್ತುವ ಮೊದಲು ಏನಾಗಬಹುದು ಎಂದು ಹೇಳಿಸಿ, ಆಮೇಲೆ ಒತ್ತಲಿ. ಮೂರು ವಿಭಾಗ ಹೀಗೆ ನೋಡಿದರೆ ಸಾಕು, ಎಲ್ಲ ಮಹಡಿಯನ್ನೂ ಮುಗಿಸಬೇಕೆಂಬ ಹಟ ಬೇಡ.

ಮಧ್ಯಾಹ್ನ ಊಟಕ್ಕೆ ದರ್ಶಿನಿಗಳ ನಿಂತು ತಿನ್ನುವ ಮೇಜು ಮಕ್ಕಳ ಗದ್ದದ ಮೇಲಿರುತ್ತದೆ, ಬಿಸಿ ಸಾಂಬಾರು ಮೈಮೇಲೆ ಬೀಳುವುದು ಅಲ್ಲೇ. ಕೂತು ಉಣ್ಣುವ ಹೋಟೆಲ್ ಹುಡುಕಿ. ಏಪ್ರಿಲ್‌ನ ಬಿಸಿಲಿಗೆ ನಮ್ಮ ಮಕ್ಕಳು ಬೇಗ ಸೊರಗುತ್ತಾರೆ, ಬಾಯಾರಿಕೆ ಎನ್ನುವವರೆಗೆ ಕಾಯದೆ ಗಂಟೆಗೊಮ್ಮೆ ನೀರು ಕುಡಿಸಿ. ಮಡಿಕೇರಿಯ ಮುಂಜಾನೆಗೆ ಹಾಕಿದ ಸ್ವೆಟರ್ ಹುಣಸೂರಿನಲ್ಲೇ ಬಿಚ್ಚುವಂಥದ್ದಾಗಿರಲಿ.

ಮಾಲ್ ಮಳೆಗೆ ಮರೆ, ಅಷ್ಟೇ. ಲಾಲ್‌ಬಾಗಿಗೆ ಹೋಗುವುದಾದರೆ ಹೂವಿಗಲ್ಲ, ಬಂಡೆಗೆ ಹೋಗಿ: ಸುಮಾರು 300 ಕೋಟಿ ವರ್ಷ ಹಳೆಯದು, ಮೇಲೆ ಕೆಂಪೇಗೌಡರ ಗೋಪುರ. ಫಲಪುಷ್ಪ ಪ್ರದರ್ಶನದ ದಿನ ಸಣ್ಣ ಮಕ್ಕಳ ಜೊತೆ ಬೇಡ. ಬನ್ನೇರುಘಟ್ಟ ಇಡೀ ದಿನ ನುಂಗುತ್ತದೆ. ಪ್ರಾಣಿಗಳೇ ಬೇಕು ಅಂದರೆ ವಾಪಸ್ ಬರುವಾಗ ಮೈಸೂರು ಮೃಗಾಲಯದಲ್ಲಿ ಜಿರಾಫೆ, ಗೊರಿಲ್ಲಾ ತೋರಿಸಿ, ಅವು ದುಬಾರೆಯಲ್ಲಿಲ್ಲ. ಆ ಮೃಗಾಲಯಕ್ಕೆ ಮಂಗಳವಾರ ರಜೆ. ತಾರಾಲಯಕ್ಕೂ ಕಬ್ಬನ್ ಪಾರ್ಕಿನ ಬಾಲಭವನಕ್ಕೂ ಸೋಮವಾರ ರಜೆ. ಹಾಗಾಗಿ ಬುಧವಾರ ಹೊರಡುವುದೇ ಸಲೀಸು.

ಟಿ. ಚೌಡಯ್ಯ ರಸ್ತೆಯ ಜವಾಹರಲಾಲ್ ನೆಹರೂ ತಾರಾಲಯ ಮಧ್ಯಾಹ್ನಕ್ಕೆ ಹೇಳಿ ಮಾಡಿಸಿದ್ದು, ತಂಪಿನಲ್ಲಿ ಒರಗಿ ಕೂರುವುದು ಕಾಲಿಗೂ ವಿಶ್ರಾಂತಿ. ಕನ್ನಡ ಪ್ರದರ್ಶನದ ಹೊತ್ತನ್ನು ಮೊದಲೇ ವಿಚಾರಿಸಿ, ಅರ್ಧ ಗಂಟೆ ಮುಂಚೆ ಹೋಗಿ. ನಾಲ್ಕು ವರ್ಷದೊಳಗಿನವರು ಒಮ್ಮೆಲೇ ಕವಿಯುವ ಕತ್ತಲಿಗೆ ಅಳಬಹುದು, ಬಾಗಿಲ ಬಳಿ ಕೂತರೆ ಎತ್ತಿಕೊಂಡು ಹೊರಬರಲು ಅನುಕೂಲ.

ಇದರ ಉಳಿದರ್ಧ ಇರುವುದು ನಮ್ಮ ಮನೆಯ ಅಂಗಳದಲ್ಲಿ. ಬೆಂಗಳೂರಿನ ಮಕ್ಕಳಿಗೆ ತಾರಾಲಯವಿದೆ, ತಾರೆಗಳಿಲ್ಲ. ಊರಿಗೆ ಬಂದ ಮೇಲೆ ಮೋಡವಿಲ್ಲದ ಮೊದಲ ರಾತ್ರಿ, ಏಪ್ರಿಲ್ ಮೇ ಆದರೆ 8 ಗಂಟೆಯ ಹೊತ್ತಿಗೆ, ಅಂಗಳದ ದೀಪ ಆರಿಸಿ ಹತ್ತು ನಿಮಿಷ ಕಣ್ಣು ಪಳಗಲು ಬಿಡಿ. ಉತ್ತರಕ್ಕೆ ಮುಖ ಮಾಡಿದರೆ ಅರ್ಧ ಆಕಾಶದೆತ್ತರದಲ್ಲಿ ಸಪ್ತರ್ಷಿ ಮಂಡಲದ ಏಳು ಚುಕ್ಕೆಗಳು ಸಿಗುತ್ತವೆ. ಬಟ್ಟಲಿನ ಅಂಚಿನ ಎರಡು ಚುಕ್ಕೆಗಳನ್ನು ಜೋಡಿಸಿದ ಗೆರೆಯನ್ನು ಕೆಳಕ್ಕೆ ಐದು ಪಟ್ಟು ಎಳೆದರೆ ಧ್ರುವ ನಕ್ಷತ್ರ. ನಮ್ಮ ಜಿಲ್ಲೆಯಿಂದ ಅದು ದಿಗಂತದ ಮೇಲೆ 12 ಡಿಗ್ರಿ ಮಾತ್ರ, ಚಾಚಿದ ಕೈಯ ಒಂದು ಮುಷ್ಟಿಗಿಂತ ತುಸು ಮೇಲೆ. ಉತ್ತರಕ್ಕೆ ಬೆಟ್ಟವೋ ಸಿಲ್ವರ್ ಓಕೋ ಅಡ್ಡ ಇದ್ದರೆ ಕಾಣುವುದಿಲ್ಲ, ಆಗ ಗದ್ದೆ ಬಯಲಿಗೆ ಟಾರ್ಚ್ ಹಿಡಿದು ಹೋಗಿ. ಮೇ ಕೊನೆಯ ಹೊತ್ತಿಗೆ ಮೋಡ ಕಟ್ಟತೊಡಗುತ್ತದೆ, ಆದ್ದರಿಂದ ಬಂದ ವಾರದಲ್ಲೇ ನೋಡಿಬಿಡಿ.